ಮಂಡಗದ್ದೆ ದಾರಿಗೊಂದು ಕಾರು

ಸಾಗರ
ಆರಿದ್ರಾ ಮಳೆ ಹಿಡಿದ ನಾಲ್ಕನೇ ದಿನ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ. ಅಡಿಕೆಗೆ ಮೊದಲ ಸಲದ ಬೋರ್ಡೋ ಔಷಧಿ ಹೊಡೆಸಿ ಮುಗಿಸಿದ ಮರುದಿನವೇ ಮಳೆ ಜಡಿಯಿತು, ಅದೊಂದು ಸಮಾಧಾನ. ನಿನ್ನ ಅತ್ತೆಯ ಮಂಡಿನೋವು ಮಳೆ ಶುರುವಾದ ಮೇಲೆ ಸ್ವಲ್ಪ ಹೆಚ್ಚಾಗಿದೆ.

ಭಾನುವಾರ ಫೋನಿನಲ್ಲಿ ಕಾರಿನ ವಿಷಯ ಅರ್ಧಕ್ಕೇ ನಿಂತಿತು. ಅದಕ್ಕೇ ಬರೆಯಲು ಕೂತೆ. ‘ಆಫೀಸಿಗೆ ಹೋಗಿಬರಲಿಕ್ಕೆ ಮೈಲೇಜ್ ಕೊಡುವ ಗಾಡಿ ಸಾಕು, ಮೋಜಿನ ಗಾಡಿ ಯಾಕೆ’ ಅಂತ ನಿನ್ನಪ್ಪ, ನಮ್ಮ ಭಾವ, ಅಂದರಂತೆ. ಅವರ ಮಾತನ್ನು ತಳ್ಳಿಹಾಕಬೇಡ, ದುಡ್ಡಿನ ಲೆಕ್ಕದಲ್ಲಿ ಅವರು ಸರಿ. ಆದರೆ ಈ ವಿಷಯದಲ್ಲಿ ನಾನು ನಿನ್ನ ಕಡೆ. ಮಂಡಗದ್ದೆಯಿಂದ ಶಿವಮೊಗ್ಗಕ್ಕೆ 30 ಕಿ.ಮೀ., ಹೋಗಿಬರುವುದು 60. ದಿನಕ್ಕೆ ಒಂದೂವರೆ ಗಂಟೆ ಸ್ಟೇರಿಂಗ್ ಹಿಡಿದು ಕೂರುವವಳು ನೀನು. ದಿನವಿಡೀ ತೋಟದಲ್ಲಿ ಕೆಲಸ ಮಾಡುವವನು ತನ್ನ ಕೈಗೆ ಒಗ್ಗುವ ಕತ್ತಿಯನ್ನೇ ಆರಿಸಿಕೊಳ್ಳುತ್ತಾನೆ, ಸಂತೆಯಲ್ಲಿ ಯಾವುದು ಅಗ್ಗವೋ ಅದನ್ನಲ್ಲ.

ಆದರೆ ಮೋಜು ಅಂದರೆ ಏನು ಅಂತ ಮೊದಲು ನಿನ್ನ ಮನಸ್ಸಿನಲ್ಲೇ ಸ್ಪಷ್ಟ ಮಾಡಿಕೋ. ನನ್ನ ಮೊದಲ ಕಾರು ಹಳೆಯ ಝೆನ್. 993 ಸಿಸಿ ಎಂಜಿನ್, ಐವತ್ತು ಅಶ್ವಶಕ್ತಿ ಅಷ್ಟೇ. ಆದರೆ ತೂಕ ಮುಕ್ಕಾಲು ಟನ್ನಿಗಿಂತ ಕಡಿಮೆ. ಅದರಲ್ಲಿ ಆಗುಂಬೆ ಘಾಟಿಯ ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಾಗ ಮುಳ್ಳು 40 ದಾಟುತ್ತಿರಲಿಲ್ಲ, ಆದರೂ ಅಷ್ಟು ಖುಷಿ ನನಗೆ ಆಮೇಲೆ ಯಾವ ದೊಡ್ಡ ಗಾಡಿಯಲ್ಲೂ ಸಿಗಲಿಲ್ಲ. ಸ್ಟೇರಿಂಗ್ ತಿರುಗಿಸಿದಷ್ಟಕ್ಕೆ ಗಾಡಿ ತಿರುಗುತ್ತಿತ್ತು, ಗೇರು ಬೆರಳಿನಲ್ಲೇ ಬೀಳುತ್ತಿತ್ತು, ಚಕ್ರದ ಕೆಳಗೆ ಜಲ್ಲಿ ಇದೆಯೋ ಪಾಚಿ ಇದೆಯೋ ಕೈಗೆ ಗೊತ್ತಾಗುತ್ತಿತ್ತು. ನಿನ್ನ ದಾರಿ ನೆನಪಿಸಿಕೋ: ಗಾಜನೂರು, ಸಕ್ರೆಬೈಲು, ಪಕ್ಕದಲ್ಲೇ ತುಂಗೆ, ಉದ್ದಕ್ಕೂ ಬಳುಕುವ ರಸ್ತೆ. ಅಲ್ಲಿ 50-60ರಲ್ಲಿ ಖುಷಿ ಕೊಡುವ ಕಾರು ಬೇಕು. 140ಕ್ಕೆ ಹೋದ ಮೇಲೆ ಮಜಾ ಶುರುವಾಗುವ ಕಾರು ಆ ದಾರಿಯಲ್ಲಿ ನಿನ್ನನ್ನು ಅಡ್ಡದಾರಿಗೆ ಎಳೆಯುತ್ತದೆ.

ಈಗ ನೀನು ಕಳಿಸಿದ ಪಟ್ಟಿ.

ಫಿಯೆಟ್‌ನವರ ಅಬಾರ್ಥ್ ಪುಂಟೊ ನೋಡಿ ನನ್ನ ಮನಸ್ಸೂ ಒಂದು ಗಳಿಗೆ ಜಾರಿತು. 2015ರಲ್ಲಿ ಬಂದ ಗಾಡಿ, 1.4 ಲೀಟರ್ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಸಾಧನ ಇರುವುದು), 145 ಅಶ್ವಶಕ್ತಿ. ಆ ಸ್ಟೇರಿಂಗಿನ ಹಿಡಿತ ಇವತ್ತಿನ ಹೊಸ ಕಾರುಗಳಲ್ಲಿ ಸಿಗುವುದಿಲ್ಲ. ಆದರೆ ನೆಲದಿಂದ 155 ಮಿ.ಮೀ. ಎತ್ತರ ಇಟ್ಟುಕೊಂಡು ನಮ್ಮ ಊರೊಳಗಿನ ಹಂಪುಗಳನ್ನು ದಿನಕ್ಕೆ ಎರಡು ಸಲ ದಾಟುವುದು, ಫಿಯೆಟ್ ಇಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿದ ಮೇಲೆ ಒಂದೊಂದು ಬಿಡಿಭಾಗಕ್ಕೂ ಬೆಂಗಳೂರಿಗೆ ಫೋನು ಹಚ್ಚುವುದು, ಎರಡೂ ಸೇರಿದರೆ ವರ್ಷದೊಳಗೆ ನಿನಗೆ ಬೇಸರ ಬಂದುಬಿಡುತ್ತದೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದವರಿಗೆ ಅದು. ಟಾಟಾದವರ ಟಿಯಾಗೊ ಜೆಟಿಪಿ ಒಳ್ಳೆಯದೇ, ಆದರೆ ಎರಡು ವರ್ಷವೂ ಸರಿಯಾಗಿ ಮಾರಾಟದಲ್ಲಿರಲಿಲ್ಲ. ಸಿಕ್ಕರೂ ಒಂದೇ ಸಿಗುತ್ತದೆ, ಹೋಲಿಸಿ ನೋಡಲು ಇನ್ನೊಂದು ಇರುವುದಿಲ್ಲ.

ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಅಂದರೆ 2013ರಿಂದ ಬಂದ 1.2 ಲೀಟರಿನ ಟರ್ಬೊ, ಓಡಿಸಲಿಕ್ಕೆ ಬೆಣ್ಣೆ. ಆದರೆ ಅದರ 7 ಗೇರಿನ ಡಿಎಸ್‌ಜಿ, ಅಂದರೆ ತಾನೇ ಗೇರು ಬದಲಿಸಿಕೊಳ್ಳುವ ಪೆಟ್ಟಿಗೆ, ಆಯಿಲಿನಲ್ಲಿ ಮುಳುಗಿರದ ಡ್ರೈ ಕ್ಲಚ್ಚಿನದು. ಗೇರು ಬದಲಿಸುವ ಮೆಕಾಟ್ರಾನಿಕ್ಸ್ ಎಂಬ ಭಾಗ ಕೈಕೊಟ್ಟರೆ ಲಕ್ಷದ ಮಾತು. ಹತ್ತು ವರ್ಷ ಹಳೆಯ ಡಿಎಸ್‌ಜಿಯನ್ನು ಸಂಬಳದ ಮೇಲೆ ಬದುಕುವ ಹುಡುಗಿ ಕೊಳ್ಳುವುದು ನನಗೆ ಬೇಡ.

ಭಾವ ಹೇಳುವ ಸ್ವಿಫ್ಟ್ ವಿಷಯದಲ್ಲಿ ನಾನು ಎರಡು ರಾತ್ರಿ ಯೋಚಿಸಿದ್ದೇನೆ. 2018ರ ಸ್ವಿಫ್ಟ್ ಹಗುರ, ಚುರುಕು, ನಮ್ಮ ಪ್ರತಿ ತಾಲೂಕಿನಲ್ಲೂ ಅದರ ಕೆಲಸ ಬಲ್ಲ ಮೆಕ್ಯಾನಿಕ್ ಇದ್ದಾನೆ. ಮೋಜಿಗೂ ಕಮ್ಮಿಯಿಲ್ಲ. ಆದರೆ ಅದೇ 2018ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಗುದ್ದಿಸಿ ನೋಡಿದಾಗ ಅದಕ್ಕೆ ಸಿಕ್ಕಿದ್ದು ಐದರಲ್ಲಿ 2 ನಕ್ಷತ್ರ. ಪೋಲೋವನ್ನು ಅವರು 2014ರಲ್ಲಿ ಪರೀಕ್ಷೆ ಮಾಡಿದ್ದರು. ಏರ್‌ಬ್ಯಾಗ್ ಇಲ್ಲದ ಪೋಲೋಗೆ ಒಂದೂ ನಕ್ಷತ್ರ ಬರಲಿಲ್ಲ, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ 4 ಬಂತು. ಎರಡರಲ್ಲೂ ಮೈಕಟ್ಟು ಮಾತ್ರ ಅಲುಗದೆ ನಿಂತಿತ್ತು. ಮಗಳೇ, ನೀನು ಸಂಜೆ ಆರೂವರೆಗೆ ಆಫೀಸು ಬಿಟ್ಟರೆ ಸಕ್ರೆಬೈಲು ದಾಟುವಾಗ ಕತ್ತಲು. ಎರಡೂ ಬದಿ ಕಾಡು. ಕಾಡುಹಂದಿ, ಕಡವೆ ಎಲ್ಲಿಂದ ನುಗ್ಗುತ್ತವೆ ಅಂತ ಹೇಳಲಿಕ್ಕಾಗದು, ಕೊಟ್ಟಿಗೆ ಸೇರದ ದನ ರಸ್ತೆಯ ಮಧ್ಯವೇ ಮಲಗಿರುತ್ತದೆ, ಎದುರಿನಿಂದ ಹೈಬೀಮ್ ಹಾಕಿಕೊಂಡು ಬರುವವನಿಗೆ ಯಾವುದೂ ಲೆಕ್ಕಕ್ಕಿಲ್ಲ. ನಾನು ಮೈಲೇಜನ್ನು ಬಿಟ್ಟೇನು, ಆ ನಕ್ಷತ್ರಗಳನ್ನು ಬಿಡಲಾರೆ. ಇದನ್ನು ಭಾವನಿಗೆ ಹೀಗೇ ಓದಿ ಹೇಳು.

ಹಾಗಾಗಿ ನನ್ನ ಆಯ್ಕೆ 2020ರಿಂದ 2022ರವರೆಗೆ ಬಂದ ಪೋಲೋ 1.0 ಟಿಎಸ್‌ಐ, ಟರ್ಬೊ ಇರುವ ಕೈಗೇರಿನದು. 110 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಈ ಎರಡನೆಯ ಅಂಕಿಯೇ ನಿನಗೆ ಮುಖ್ಯ. ಅಡಿಕೆ ಲಾರಿಯ ಹಿಂದೆ ಸಿಕ್ಕಿಬಿದ್ದು, ಏರಿನಲ್ಲಿ ಮುಂದೆ ಹೋಗಬೇಕಾದಾಗ, ಸ್ವಿಫ್ಟಿನ 113 ನ್ಯೂಟನ್ ಮೀಟರ್ ಸಿಗುವುದು ಎಂಜಿನ್ ನಿಮಿಷಕ್ಕೆ 4,200 ಸುತ್ತು ಮುಟ್ಟಿದ ಮೇಲೆ. ಒಂದು ಗೇರು ಇಳಿಸಿ, ಎಂಜಿನ್ ಅರಚಿಸಿ ಹೋಗಬೇಕು. ಟರ್ಬೊ ಇದ್ದರೆ 2,000ದ ಆಸುಪಾಸಿನಲ್ಲೇ ಎಳೆತ ಸಿದ್ಧವಿರುತ್ತದೆ. ಎದುರು ರಸ್ತೆಯಲ್ಲಿ ಇರಬೇಕಾದ ಹೊತ್ತು ಅಷ್ಟು ಕಡಿಮೆಯಾಗುತ್ತದೆ. ಪೋಲೋ 2022ರಲ್ಲಿ ನಿಂತುಹೋದರೂ ಆ ಮೂರು ಸಿಲಿಂಡರಿನ ಎಂಜಿನ್ ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್‌ಗಳಲ್ಲಿ ಮುಂದುವರಿದಿದೆ. ಆದ್ದರಿಂದ ಎಂಜಿನಿನ ಸಾಮಾನಿಗೆ ಪರದಾಡಬೇಕಿಲ್ಲ. ಹಿಂದಿನ ಸೀಟು ಇಕ್ಕಟ್ಟು. ಅಕ್ಕನನ್ನು ಮುಂದೆಯೇ ಕೂರಿಸು.

ಒಂದು ಎಚ್ಚರ. ಅದೇ ವರ್ಷಗಳಲ್ಲಿ ಟರ್ಬೊ ಇಲ್ಲದ 76 ಅಶ್ವಶಕ್ತಿಯ ಪೋಲೋ ಕೂಡ ಬಂದಿತ್ತು, ಅದೂ 999 ಸಿಸಿಯೇ. ಆರ್‌ಸಿ ಕಾರ್ಡಿನ ಸಿಸಿ ನೋಡಿ ಮೋಸ ಹೋಗಬೇಡ. ಗೇರಿನ ಗುಂಡಿಯ ಮೇಲೆ 6 ಗೇರು ಬರೆದಿದೆಯೇ ನೋಡು. ಐದೇ ಇದ್ದರೆ ಅದು ನಮಗೆ ಬೇಕಾದ್ದಲ್ಲ. ಒಳ್ಳೆಯ ಪೋಲೋ ಸಿಗದೇ ಹೋದರೆ ಮಾತ್ರ ಮಾರುತಿಯ ಬಲೆನೊ ಆರ್‌ಎಸ್ ನೋಡೋಣ. 2017ರಲ್ಲಿ ಬಂದದ್ದು, 102 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಆ ಎಂಜಿನ್ ಈಗ ಫ್ರಾಂಕ್ಸ್‌ನಲ್ಲೂ ಇರುವುದರಿಂದ ರಿಪೇರಿಗೆ ತೊಂದರೆಯಿಲ್ಲ. ಆದರೆ 16 ಇಂಚಿನ ತೆಳು ಟೈರು, ಗುಂಡಿಗೆ ಬಿದ್ದರೆ ಬದಿ ಉಬ್ಬಿಕೊಳ್ಳುತ್ತದೆ.

ಇನ್ನು ಕೊಳ್ಳುವ ಹೊತ್ತು. ‘ಮಳೆಗಾಲ ಮುಗಿಯಲಿ, ದಸರಾಕ್ಕೆ ತಗೊಳ್ಳೋಣ’ ಅಂತ ಅಕ್ಕ ಹೇಳಿದಳು. ಬೇಡ. ಹಳೆಯ ಕಾರನ್ನು ಜಡಿಮಳೆಯಲ್ಲೇ ನೋಡಬೇಕು. ಬಿಸಿಲಿನಲ್ಲಿ ಎಲ್ಲ ಕಾರೂ ಚಂದ. ಮಳೆಯಲ್ಲಿ ಬಾಗಿಲಿನ ರಬ್ಬರು ಸೋರಿದರೆ ಅಲ್ಲೇ ಗೊತ್ತಾಗುತ್ತದೆ, ಗಾಜಿಗೆ ಹಬೆ ಹಿಡಿದಾಗ ಎಸಿ ಎಷ್ಟು ಹೊತ್ತಿನಲ್ಲಿ ಬಿಡಿಸುತ್ತದೆ ಅಂತ ಕಾಣುತ್ತದೆ, ಬ್ರೇಕ್ ಹಿಡಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಒದ್ದೆ ರಸ್ತೆ ಬಚ್ಚಿಡುವುದಿಲ್ಲ. ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡು. ನಮ್ಮ ಕಡೆ ಎರಡು ತಿಂಗಳು ಮುಚ್ಚಿಟ್ಟ ಕಾರಿನ ಸೀಟಿಗೂ ಬೂಸ್ಟು ಬರುತ್ತದೆ, ಅದು ಒರೆಸಿದರೆ ಹೋಗುವಂಥದ್ದು. ಕೆಸರಿನ ವಾಸನೆ ಬೇರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು, ತುದಿಯಲ್ಲಿ ಮಣ್ಣಿನ ಗೆರೆ ಇದ್ದರೆ ಆ ಕಾರು ನೀರಿನಲ್ಲಿ ನಿಂತಿತ್ತು ಅಂತಲೇ ತಿಳಿ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ ಮುಳುಗಿದಾಗ ನೀರು ಕುಡಿದ ಕಾರುಗಳು ಎಷ್ಟೋ. ಕರಾವಳಿಯಲ್ಲಿ ಓಡಿದ ಕಾರಾದರೆ ಕೆಳಗೆ ಟಾರ್ಚು ಹಾಕಿ ನೋಡಬೇಕು, ಉಪ್ಪುಗಾಳಿಗೆ ತಳ ತುಕ್ಕು ತಿಂದಿರುತ್ತದೆ. ಬಾನೆಟ್ಟಿನೊಳಗೆ ವೈರುಗಳನ್ನು ಇಲಿ ಕಡಿದಿದೆಯೇ ಅಂತಲೂ ನೋಡು. ಅಡಿಕೆ ಒಣಗಿಸುವ ಅಟ್ಟದ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಅದು ಸಾಮಾನ್ಯ.

ನನ್ನ ಒಂದು ಸಂಗತಿ ಹೇಳುತ್ತೇನೆ, ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ. ಝೆನ್ ಮಾರಿದ ಮೇಲೆ ಬೆಂಗಳೂರಿನಲ್ಲಿ ಒಂದು ಹಳೆಯ ಕಾರು ಕೊಂಡೆ. ನಾನು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರು. ಬಣ್ಣ ಫಳಫಳ. ರೇಡಿಯೇಟರಿನ ಮುಚ್ಚಳ ಬಿಸಿ ಇದೆ ಅಂತ ತೆಗೆಯಲೇ ಇಲ್ಲ. ಶಿವಮೊಗ್ಗದವರೆಗೆ ಸುಖವಾಗಿ ಬಂತು. ಆನಂದಪುರದ ಹತ್ತಿರ ರಾತ್ರಿ ಹತ್ತರ ಹೊತ್ತಿಗೆ ಟೆಂಪರೇಚರ್ ಮುಳ್ಳು ಮೇಲೆ ಹೋಯಿತು, ಗಾಡಿ ನಿಂತಿತು. ಧೋ ಮಳೆ. ನಿನ್ನ ಅತ್ತೆ ಆಗ ಏಳು ತಿಂಗಳ ಬಸುರಿ. ಒಂದು ಟೆಂಪೊ ಸಿಗುವವರೆಗೆ ಎರಡು ಗಂಟೆ ಆ ಕಾರಿನಲ್ಲೇ ಕೂತಿದ್ದೆವು. ಮರುದಿನ ನೋಡಿದರೆ ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು: ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಬೆರೆತಿತ್ತು. ದುಡ್ಡು ಹೋದದ್ದನ್ನು ಮರೆತಿದ್ದೇನೆ. ಆ ಎರಡು ಗಂಟೆಯನ್ನು ಮರೆತಿಲ್ಲ. ಅದಕ್ಕೇ ಹೇಳುವುದು, ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಮಾರುವವರಿಗೆ ಮೊದಲೇ ಹೇಳಿಬಿಡು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಎದ್ದು ಬಾ. ತಣ್ಣಗಿದ್ದ ಎಂಜಿನ್ ಹೊತ್ತಿಕೊಳ್ಳುವಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನನ್ನ ಕಥೆಯೇ.

ಇಂಥ ಕಾರುಗಳಿಗೆ ಇನ್ನೊಂದು ರೋಗವಿದೆ. ಹುಡುಗರು ಕೊಂಡು ರೀಮ್ಯಾಪ್ ಮಾಡಿಸುತ್ತಾರೆ (ಬಲ ಹೆಚ್ಚಲೆಂದು ಎಂಜಿನ್ನಿನ ಕಂಪ್ಯೂಟರು ತಿದ್ದಿಸುವುದು), ಸೈಲೆನ್ಸರ್ ಬದಲಿಸುತ್ತಾರೆ, ಸ್ಪ್ರಿಂಗ್ ಕತ್ತರಿಸಿ ಕೆಳಗಿಳಿಸುತ್ತಾರೆ, ಮಾರುವಾಗ ಮೊದಲಿನದನ್ನೇ ಹಾಕಿ ಕೊಡುತ್ತಾರೆ. ರೀಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕ್ಲಚ್ ಹೇಳುತ್ತದೆ. ನಾಲ್ಕನೇ ಗೇರಿನಲ್ಲಿ ಏರು ಹತ್ತಿಸುತ್ತ ಪೂರ್ತಿ ಒತ್ತಿ ನೋಡು, ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನಾಳೆ ವಿಮೆಯವರು ಅದನ್ನೇ ಹಿಡಿದುಕೊಂಡರೆ ನೀನು ಉತ್ತರ ಕೊಡಬೇಕಾಗುತ್ತದೆ. ಸಾದಾ ಇರುವ, ಒಬ್ಬರೇ ಓಡಿಸಿದ, ಸರ್ವಿಸ್ ಚೀಟಿ ಎಲ್ಲ ಇಟ್ಟುಕೊಂಡ ಕಾರನ್ನೇ ಹುಡುಕು. ಅದು ಬಣ್ಣ ಮಾಸಿದ್ದರೂ ಸರಿ.

ದುಡ್ಡಿನ ಮಾತು. ನಿನ್ನ ಕೈಯಲ್ಲಿ 7 ಲಕ್ಷ ಇದೆ ಅಂದೆ. ಕಾರಿಗೆ 6ರ ಮೇಲೆ ಹೋಗಬೇಡ. ಉಳಿದ 1 ಲಕ್ಷ ಬ್ಯಾಂಕಿನಲ್ಲೇ ಇರಲಿ, ಅದರಲ್ಲಿ ಮೊದಲ ಖರ್ಚು ಟೈರು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಎಷ್ಟೇ ಆಳ ಇದ್ದರೂ ಅಷ್ಟು ಹಳೆಯ ರಬ್ಬರು ನಮ್ಮ ಮಳೆಗೆ ಸಲ್ಲ. ನಾಲ್ಕನ್ನೂ ಬದಲಿಸು. ಪೆಟ್ರೋಲಿಗೆ ತಿಂಗಳಿಗೆ 1,500 ಕಿ.ಮೀ., ಲೀಟರಿಗೆ 15 ಅಂತ ಹಿಡಿ, 100 ಲೀಟರ್ ಬೇಕು. ಸ್ವಿಫ್ಟ್ ಆದರೆ 80ರಲ್ಲಿ ಮುಗಿಯುತ್ತಿತ್ತು. ಆ 20 ಲೀಟರಿನ ಬೆಲೆ ನಿನ್ನ ಸಂಬಳದಿಂದ ನೀನೇ ಕೊಡುತ್ತೀಯ ಅಂತ ಭಾವನಿಗೆ ಮೊದಲೇ ಹೇಳಿಬಿಡು, ಆಮೇಲೆ ಪ್ರತಿ ತಿಂಗಳು ಆ ಮಾತು ಬರಬಾರದು. ಟರ್ಬೊ ಗಾಡಿಗೆ ಕಂಪನಿ ಹೇಳಿದ ಸಿಂಥೆಟಿಕ್ ಆಯಿಲ್ ಬಿಟ್ಟು ಬೇರೆ ಹಾಕಿಸಬೇಡ, ಅವಧಿಗೆ ಮುಂಚೆಯೇ ಬದಲಿಸು.

ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ. ಶಿವಮೊಗ್ಗದ ಕೆಎ-14 ಗಾಡಿಯೇ ಸಿಕ್ಕರೆ ಹೆಸರು ವರ್ಗಾಯಿಸುವ ಫಾರಂ 29, 30ರಲ್ಲಿ ಮುಗಿಯುತ್ತದೆ. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರದೆ ಒಂದು ರೂಪಾಯಿಯೂ ಕೊಡಬೇಡ. ವಿಮೆಯನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಬೇಕು. ಹೊರರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಿದ ಮೇಲೆ ಅದು ಅಗ್ಗವಾಗಿ ಉಳಿಯುವುದಿಲ್ಲ ಅಂತ ತಿಳಿ.

ಎಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡು ಮಾರಾಯ್ತಿ. ಶಿವಮೊಗ್ಗದಲ್ಲಿ ಫೋಕ್ಸ್‌ವ್ಯಾಗನ್ ಗಾಡಿಯ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ಕನ್ನು ಹುಡುಕಿ, ಅವನ ಅಂಗಳದಲ್ಲಿ ನಿಂತಿರುವ ಪೋಲೋಗಳ ಯಜಮಾನರನ್ನು ಮಾತಾಡಿಸು. ಎಷ್ಟು ಸಲ ಬರುತ್ತಾರೆ, ಯಾತಕ್ಕೆ ಬರುತ್ತಾರೆ ಕೇಳು. ಅವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಆ ಮೆಕ್ಯಾನಿಕ್ ಸಿಗದಿದ್ದರೆ ಪೋಲೋ ಆಸೆ ಬಿಟ್ಟು ಆರ್‌ಎಸ್ ಹುಡುಕೋಣ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಟು ಹತ್ತರೊಳಗೆ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಒಂದು ಟಾರ್ಚು, ಕಾರಿನಡಿ ಮಲಗಿ ನೋಡಲಿಕ್ಕೆ ಒಂದು ಗೋಣಿಚೀಲ ತಾ. ಓಡಿಸಿ ನೋಡುವುದನ್ನು ಪೇಟೆಯೊಳಗೆ ಮಾಡುವುದು ಬೇಡ. ಗಾಜನೂರಿನ ತನಕ ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತು ಸದ್ದು ಕೇಳುತ್ತೇನೆ. ಕೆಲಸ ಮುಗಿದರೆ ಹಾಗೇ ಮಂಡಗದ್ದೆಗೆ ಬರುವವನು, ಹೊಳೆ ನಡುವಿನ ಮರಗಳಿಗೆ ಈ ಸಲ ಬೆಳ್ಳಕ್ಕಿ ಬಂದಿವೆಯೇ ನೋಡಬೇಕು. ಕಳಲೆ ಸಿಕ್ಕಿದ್ದರೆ ಹುಳಿ ಮಾಡಿಡಲು ಅಕ್ಕನಿಗೆ ಹೇಳು.

ನಿನ್ನ ಮಾವ