ಬೆರೆಸಲು ನಾನ್ಯಾರು ಅಂತ ಕೇಳಿದ್ದೀಯಲ್ಲ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನ್ನಮ್ಮನ ಫೋನಿನಲ್ಲೇ ಬಂದಿರುತ್ತದೆ, ಅದನ್ನು ಬಿಡುತ್ತೇನೆ. ನೀನು ಬರೆಯುತ್ತಿರುವ ಕಾದಂಬರಿಯಲ್ಲಿ ಸತ್ತವರನ್ನು ಹೊಳೆ ದಾಟಿಸುತ್ತಿದ್ದ ಅಂಬಿಗ ಈಗ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಲಿಫ್ಟ್ ನಡೆಸುತ್ತಾನೆ, ಉಪಗ್ರಹಗಳನ್ನೇ ಕಣ್ಣು ಮಾಡಿಕೊಂಡ ಒಬ್ಬಳು ದೇವಿ ಇದ್ದಾಳೆ ಅಂತೆಲ್ಲ ಕಾಗದದಲ್ಲಿ ಬರೆದಿದ್ದೀಯ. ಖುಷಿಯಿಂದ ಓದಿದೆ. ಆದರೆ ಕೊನೆಗೆ, ಸಹಿಗೆ ಮುಂಚೆ ತುರುಕಿದ ಆ ಒಂದು ಸಾಲು: "ಪುರಾಣವನ್ನೂ ಇವತ್ತಿನ ಕಟ್ಟುಕತೆಗಳನ್ನೂ ಹೀಗೆ ಬೆರೆಸಲು ನಾನ್ಯಾರು ದೊಡ್ಡಪ್ಪ?" ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ನೀನ್ಯಾರು ಅಂದರೆ, ಪಂಪ ಯಾರು? 941ರಲ್ಲಿ ಅವನು ತನ್ನ ಒಡೆಯನನ್ನು, ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು, ಅರ್ಜುನನೊಳಗೆ ಕೂರಿಸಿ ಭಾರತ ಬರೆದ. ಕಣ್ಣೆದುರು ಓಡಾಡುವ ಒಬ್ಬ ಸಾಮಂತ. ಅವನ 'ಗುಣಾರ್ಣವ' ಬಿರುದು ಅರ್ಜುನನ ಹೆಸರಾಯಿತು. ಹಾಗೆ ಬೆರೆಸಿದ್ದಕ್ಕೆ ಕತೆ ದಂಡ ತೆತ್ತಿತು. ಐವರ ಹೆಂಡತಿ ಒಡೆಯನಿಗೆ ಒಪ್ಪುವುದಿಲ್ಲವಲ್ಲ, ದ್ರೌಪದಿ ಅರ್ಜುನನೊಬ್ಬನಿಗೇ ಸೇರಿದಳು. ಕೊನೆಗೆ ಅರ್ಜುನನ ಪಕ್ಕದಲ್ಲಿ ಪಟ್ಟಕ್ಕೆ ಕೂತವಳು ಸುಭದ್ರೆ. ಬಿಚ್ಚಿದ ಮುಡಿ ಒಬ್ಬಳದು, ಪಟ್ಟ ಇನ್ನೊಬ್ಬಳಿಗೆ. ನಾನು ಪಂಪನ ಮೇಲೆ ದೂರು ಹೇಳುವಷ್ಟು ದೊಡ್ಡವನಲ್ಲ. ಆದರೆ ಎರಡು ಲೋಕ ಕಲಸುವಾಗ ಯಾರದೋ ಪಾಲು ಹೋಗುತ್ತದೆ. ನಿನ್ನ ಲೋಕದಲ್ಲಿ ಹೋದದ್ದು ಯಾರದು ಅಂತ ಒಮ್ಮೆ ನೋಡಿಕೋ. ಕತೆ ಅಲ್ಲೇ ಇರಬಹುದು ಅನ್ನಿಸುತ್ತದೆ. ಕಾದಂಬರಿ ಬರೆದವನಲ್ಲ ನಾನು, ಬಾಯಿಗೆ ಬಂದದ್ದು ಹೇಳಿದೆ.

ಕಾಗದದ ಮೇಲೆ ಬೆರೆಸಿದ್ದು ಬಿಡು, ಪೂಜೆಗೇ ಬೆರೆಸಿದವರಿದ್ದಾರೆ. ಅಲೆಕ್ಸಾಂಡರನ ದಂಡಿನಲ್ಲಿದ್ದು ಆಮೇಲೆ ಈಜಿಪ್ಟಿನ ದೊರೆಯಾದ ಒಂದನೇ ಟಾಲೆಮಿ, ಸೆರಾಪಿಸ್ ಎಂಬ ದೇವರನ್ನು ಮುಂದೆ ತಂದ. ಒಳಗೆ ಈಜಿಪ್ಟಿನ ಒಸಿರಿಸ್, ಮೆಂಫಿಸ್‌ನ ಪವಿತ್ರ ಹೋರಿ ಏಪಿಸ್. ಹೊರಗೆ ಗ್ರೀಕರ ಗಡ್ಡ, ಗ್ರೀಕರ ಉಡುಗೆ, ತಲೆಯ ಮೇಲೆ ಧಾನ್ಯ ಅಳೆಯುವ ಕೊಳಗ. ರಾಜಕಾರಣದ ಲೆಕ್ಕಾಚಾರ ಎದ್ದು ಕಾಣುತ್ತದೆ. ಆದರೂ ಅಲೆಕ್ಸಾಂಡ್ರಿಯಾದ ಆ ದೇವರ ಗುಡಿ ಸುಮಾರು ಕ್ರಿ.ಶ. 391ರಲ್ಲಿ ಕೆಡವುವವರೆಗೂ ಜನ ಕೈಮುಗಿದರು. ಏಳು ಶತಮಾನ ಹತ್ತಿರ ಹತ್ತಿರ! ಹುಟ್ಟು ಹೇಗಾದರೂ ಇರಲಿ, ಕಷ್ಟ ಹೇಳಿಕೊಳ್ಳುವವರು ಬಂದರು, ದೇವರು ನಿಂತ.

ನನ್ನ ಅಜ್ಜಿ ಕತೆ ಹೇಳುತ್ತಿದ್ದಳು. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಬಚ್ಚಿಟ್ಟ ರಕ್ಕಸ ವಾಪಸು ಬರುವಾಗ ಬಸ್ಸಿಗೆ ಕಾಯುತ್ತಿದ್ದ. ಕಂಡಕ್ಟರ್ ಚಿಲ್ಲರೆ ಕೊಡುತ್ತಿರಲಿಲ್ಲ, ಇಬ್ಬರಿಗೂ ಜಗಳ ಆಗುತ್ತಿತ್ತು. ಕಾಲೇಜಿನ ದಿನಗಳಲ್ಲಿ ಅದನ್ನೆಲ್ಲ ಬರೆದಿಟ್ಟುಕೊಂಡೆ, ಬಸ್ಸನ್ನು ಮಾತ್ರ ಹೊಡೆದುಹಾಕಿದೆ. ಶುದ್ಧ ಪಾಠ ಬೇಕಾಗಿತ್ತು ನನಗೆ. ಈಗ ಆ ನೋಟ್‌ಬುಕ್ ತೆರೆದರೆ ಯಾವ ಪುಸ್ತಕದಲ್ಲಾದರೂ ಸಿಗುವ ಕತೆ ಇದೆ, ಅಜ್ಜಿ ಇಲ್ಲ. ಜಗಳದಲ್ಲಿ ರಕ್ಕಸ ಏನಂದ, ಕಂಡಕ್ಟರ್ ಏನಂದ, ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ ಪುಟ್ಟಿ. ಬೆರೆಸಲು ನೀನ್ಯಾರು ಅಂತ ಆಕೆಯನ್ನು ಜೀವಮಾನದಲ್ಲಿ ಕೇಳಿದವನು ನಾನೊಬ್ಬನೇ.

ಅದಕ್ಕೇ ಆ ಸಾಲು ಚುಚ್ಚಿದ್ದು.

ಹಾಗಂತ ಭಯ ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. ಹದಿಮೂರನೇ ಶತಮಾನದ ಐಸ್‌ಲ್ಯಾಂಡಿನಲ್ಲಿ ಸ್ನೋರಿ ಎಂಬ ಕ್ರೈಸ್ತ ಪಂಡಿತ, ತನ್ನ ಹಿಂದಿನವರ ದೇವರುಗಳು ಟ್ರಾಯ್ ಕಡೆಯಿಂದ ಬಂದ ಮನುಷ್ಯರು ಅಂತ ಬರೆದ. ಅಷ್ಟು ಹೊತ್ತಿಗೆ ಆ ದೇವರುಗಳಿಗೆ ಬಹಿರಂಗ ಪೂಜೆ ನಿಂತು ಕಾಲವಾಗಿತ್ತು. ನೀನು ಪುರಾಣದಿಂದ ಎತ್ತಿಕೊಂಡ ದೇವರುಗಳಿಗೆ ಇವತ್ತು ಸಂಜೆಯೂ ಯಾರೋ ದೀಪ ಹಚ್ಚುತ್ತಾರೆ. ವ್ಯತ್ಯಾಸ ಇದೆ. ಅವರನ್ನು ನಿಜವಾಗಿ ನಂಬುವ ಒಬ್ಬಳನ್ನು ಕತೆಯೊಳಗೆ ಇಡು, ಆ ನಂಬುವವಳನ್ನು ಪೆದ್ದಿ ಮಾಡಬೇಡ. ಅಷ್ಟು ಮಾಡಿದರೆ ಸಾಕೋ ಇಲ್ಲವೋ ನನಗೆ ಗೊತ್ತಿಲ್ಲ. ಭಯ ಒಂದಿಷ್ಟು ಉಳಿದರೆ ಉಳಿಯಲಿ, ಕೈ ಹದವಾಗಿ ಓಡುತ್ತದೆ. ಕೈ ಕಟ್ಟಿ ಕೂರುವಷ್ಟು ಮಾತ್ರ ಬೇಡ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಅಂಬಿಗ ಜೀವಂತ ಇದ್ದಾನೆ, ಉಪಗ್ರಹದ ದೇವಿ ಇನ್ನೂ ಉಸಿರಾಡುತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನದವರು ಗ್ರೆಮ್ಲಿನ್ ಅಂತ ಒಂದು ಪುಟ್ಟ ಪೀಡೆಯ ಮಾತಾಡುತ್ತಿದ್ದರು. ಕಾರಣ ಸಿಗದೆ ಎಂಜಿನ್ ಕೆಟ್ಟರೆ ಅದರದೇ ಕಿತಾಪತಿ. ತಮ್ಮ ಜೊತೆಗಾರ ಮೆಕ್ಯಾನಿಕ್ಕನ್ನು ಬಯ್ಯುವುದು ತಪ್ಪಲಿ ಅಂತಲೂ ಇರಬಹುದು, ಇದು ನನ್ನ ಊಹೆ. ಹೊಸ ದೈವವೂ ಹೀಗೆ ಯಾರದೋ ಗರಜಿನಿಂದಲೇ ಹುಟ್ಟುತ್ತದೆ. ನಿನ್ನ ದೇವಿಗೆ ಶಕ್ತಿಯ ಪಟ್ಟಿ ಕೊಟ್ಟಿದ್ದೀಯ, ಹರಕೆ ಹೊತ್ತವರೇ ಇಲ್ಲ. ಯಾರು, ಯಾವ ಕಷ್ಟಕ್ಕೆ ಅವಳನ್ನು ಮೊದಲು ಕರೆದರು? ಅಂಬಿಗ ಅವಳನ್ನು ಒಪ್ಪುತ್ತಾನೋ, ನಿನ್ನೆ ಮೊನ್ನೆ ಬಂದವಳು ಅಂತ ಮೂಗು ಮುರಿಯುತ್ತಾನೋ? ಹಳಬರು ಹೊಸಬರನ್ನು "ನೀನ್ಯಾರು" ಅನ್ನಲಿ ಬಿಡು. ಆ ಪ್ರಶ್ನೆ ನಿನ್ನ ತಲೆಯಿಂದ ಇಳಿದು ಅವರ ಬಾಯಿಗೆ ಹೋಗಲಿ.

ಬರೆದಷ್ಟು ಅಧ್ಯಾಯ ಕಳಿಸು. ಅಕ್ಷರ ದೊಡ್ಡದಾಗಿ ಪ್ರಿಂಟ್ ಹಾಕಿಸು, ಫೋನಿನಲ್ಲಿ ನನಗೆ ಓದಲಾಗುವುದಿಲ್ಲ. ತಿದ್ದುವುದಿಲ್ಲ, ಹೆದರಬೇಡ.

ನಿನ್ನ ದೊಡ್ಡಪ್ಪ