ಮೊದಲು ಬಿಸಿ ನೋಡಲು ಕಲಿ, ಊದುವುದು ಆಮೇಲೆ

ಬದಿಯಡ್ಕ, ಕಾಸರಗೋಡು

ಚಿ. ಅನುಪಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ತೋಟಕ್ಕೆ ಎರಡನೇ ಸಲದ ಮದ್ದು ಬಿಟ್ಟಾಯಿತು. ನೀನು ಸಿಯಾಟಲಿನ ಕಮ್ಯುನಿಟಿ ಆರ್ಟ್ ಸ್ಟುಡಿಯೋ ಒಂದರಲ್ಲಿ ಗಾಜು ಊದುವ ತರಗತಿಗೆ ಸೇರಿದ್ದೀಯೆಂದೂ, ವರ್ಷದೊಳಗೆ ಗಾಜಿನಲ್ಲೇ ಒಂದು ಅಡಿಕೆ ಹೂವಿನ ಹಿಂಗಾರ ಮಾಡುವ ಆಸೆ ಇಟ್ಟುಕೊಂಡಿದ್ದೀಯೆಂದೂ ನಿನ್ನ ಅಪ್ಪ ಹೇಳಿದ. ಆಸೆ ಒಳ್ಳೆಯದೇ. ಆದರೆ ಹಿಂಗಾರ ಗಾಜಿಗೆ ಒಗ್ಗುವ ಆಕಾರವಲ್ಲ. ಯಾಕೆ ಒಗ್ಗುವುದಿಲ್ಲ, ಒಗ್ಗಿಸುವ ದಾರಿ ಯಾವುದು ಎನ್ನುವುದಕ್ಕೆ ಈ ಪತ್ರ. ಉದ್ದವಾದೀತು, ಪುರುಸೊತ್ತಿನಲ್ಲಿ ಓದು.

ಊದುವುದು ಎಂದ ಕೂಡಲೇ ಇದು ಉಸಿರಿನ ಕೆಲಸ ಎಂದುಕೊಳ್ಳಬೇಡ. ಉಸಿರಿಗೆ ಇದರಲ್ಲಿ ಸಣ್ಣ ಪಾಲು, ದೊಡ್ಡ ಪಾಲು ಬಿಸಿ ನೋಡುವುದರಲ್ಲಿದೆ. ಊದುವ ಕೊಳವೆಯ ತುದಿಗೆ ಹಿಡಿದ ಗಾಜಿನ ಮುದ್ದೆಯಲ್ಲಿ ಯಾವ ಭಾಗ ಬಿಸಿ, ಯಾವ ಭಾಗ ಆರಿದೆ ಎಂದು ನಿನ್ನ ಕಣ್ಣಿಗೆ ಸದಾ ಗೊತ್ತಿರಬೇಕು. ಬಿಸಿ ಇದ್ದ ಕಡೆಗೇ ಗಾಳಿ ನುಗ್ಗುತ್ತದೆ, ಬಿಸಿ ಇದ್ದ ಕಡೆಯೇ ಗಾಜು ಜಾರುತ್ತದೆ. ತಳ ತೆಳ್ಳಗಾಗಿ ಹರಿಯಿತೆಂದರೆ ನೀನು ಜೋರಾಗಿ ಊದಿದೆಯೆಂದಲ್ಲ, ತುದಿ ಹೆಚ್ಚು ಕಾದಿತ್ತೆಂದು ಅರ್ಥ.

ಸ್ಟುಡಿಯೋದಲ್ಲಿ ಮೂರು ಒಲೆ ಇರುತ್ತವೆ. ಕುಲುಮೆಯಲ್ಲಿ ಕರಗಿದ ಗಾಜು ಹಗಲೂ ರಾತ್ರಿ ಸುಮಾರು 1100 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುತ್ತದೆ. ಗ್ಲೋರಿ ಹೋಲ್ ಎಂಬ ಬಾಯಿ ತೆರೆದ ಒಲೆ 1200ರ ಆಸುಪಾಸು. ಕೆಲಸದ ನಡುವೆ ಆರಿದ ಗಾಜನ್ನು ಮತ್ತೆ ಕಾಯಿಸುವುದು ಅದರಲ್ಲಿ. ಮೂರನೆಯದು ಆ್ಯನೀಲರ್, ಅಂದರೆ ಮುಗಿದ ಸಾಮಾನನ್ನು ನಿಧಾನಕ್ಕೆ ತಣಿಸುವ ಪೆಟ್ಟಿಗೆ; ಸ್ಟುಡಿಯೋಗಳ ಸೋಡಾ ಗಾಜಿಗೆ ಅದು 480ರಿಂದ 510 ಡಿಗ್ರಿಯಲ್ಲಿ ಕಾದಿರುತ್ತದೆ. ನೋಡುವವರೆಲ್ಲ ಮೊದಲ ಎರಡರ ಎದುರು ನಿಲ್ಲುತ್ತಾರೆ. ಸಾಮಾನು ಉಳಿಯುವುದೋ ಒಡೆಯುವುದೋ ಎಂಬ ತೀರ್ಮಾನ ಮೂರನೆಯದರಲ್ಲಿ ಆಗುತ್ತದೆ.

ಬಟ್ಟೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹತ್ತಿಯದ್ದೇ ಹಾಕು. ಪಾಲಿಯೆಸ್ಟರ್, ನೈಲಾನ್, ಲೆಗ್ಗಿಂಗ್ಸ್ ಬೇಡ, ಬಿಸಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಪಾದ ಮುಚ್ಚುವ ಚರ್ಮದ ಶೂ ಇರಲಿ, ಕೂದಲು ಕಟ್ಟು, ಬಳೆ ಸರ ತೆಗೆದಿಡು. 500 ಡಿಗ್ರಿಯ ಗಾಜೂ ತಣ್ಣಗಿನ ಗಾಜೂ ನೋಡಲು ಒಂದೇ. ನೆಲದಲ್ಲಿ ಬಿದ್ದ ಚೂರನ್ನು ಹೆಕ್ಕಬೇಡ, ಒರಗಿಸಿಟ್ಟ ಕೊಳವೆಯನ್ನು ಅಂಗೈ ಹಿಂಭಾಗ ಹತ್ತಿರ ಒಯ್ದು ನೋಡಿಯೇ ಹಿಡಿ. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಜೇನು, ತುಪ್ಪ, ಟೂತ್‌ಪೇಸ್ಟ್ ಎಂದು ಅಜ್ಜಿಯ ಕಾಲದ್ದೆಲ್ಲ ಹಚ್ಚಲು ಹೋಗಬೇಡ.

ಇನ್ನು ಗಾಜು ತೆಗೆಯುವ ಕ್ರಮ. ಕೊಳವೆಯ ತುದಿಯನ್ನು ಮೊದಲೇ ಕಾಯಿಸಿಟ್ಟಿರಬೇಕು, ತಣ್ಣಗಿನ ಲೋಹಕ್ಕೆ ಗಾಜು ಹಿಡಿಯುವುದಿಲ್ಲ. ಕುಲುಮೆಯ ಬಾಗಿಲಲ್ಲಿ ತುದಿಯನ್ನು ಗಾಜಿನ ಮೇಲ್ಮೈಗೆ ತಾಗಿಸಿ, ಸ್ವಲ್ಪವೇ ಮುಳುಗಿಸಿ, ಎರಡು ಮೂರು ಸುತ್ತು ತಿರುಗಿಸು. ಜೋನಿಬೆಲ್ಲವನ್ನು ಕಡ್ಡಿಗೆ ಸುತ್ತಿಕೊಂಡಂತೆ ಬರುತ್ತದೆ. ಎತ್ತುವಾಗಲೂ ತಿರುಗಿಸುತ್ತಲೇ ಇರು. ಆಳಕ್ಕೆ ಚುಚ್ಚಿದರೆ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ, ಜೊತೆಗೆ ಗುಳ್ಳೆಗಳೂ ಸೇರುತ್ತವೆ. ಹೊರಗೆ ಬಂದ ಮೇಲೂ ತಿರುಗಿಸುವುದನ್ನು ನಿಲ್ಲಿಸುವ ಹಾಗಿಲ್ಲ, ನಿಂತರೆ ಮುದ್ದೆ ಒಂದು ಬದಿಗೆ ಜೋಲುತ್ತದೆ. ಜೋತರೆ ಗಾಬರಿಯಿಂದ ವೇಗ ಹೆಚ್ಚಿಸುವುದು ಹೊಸಬರೆಲ್ಲರ ಅಭ್ಯಾಸ. ಹಾಗೆ ಮಾಡಬೇಡ. ಭಾರದ ಬದಿಯನ್ನು ಮೇಲಕ್ಕೆ ತಂದು ಒಂದು ಗಳಿಗೆ ತಡೆ, ಅದು ತನ್ನಷ್ಟಕ್ಕೆ ನಡುವಿಗೆ ಇಳಿಯುತ್ತದೆ. ಆಮೇಲೆ ಮೊದಲಿನ ವೇಗದಲ್ಲೇ ಮುಂದುವರಿಸು.

ಮಾರ್ವರ್ ಎಂಬ ಉಕ್ಕಿನ ಮೇಜಿನ ಮೇಲೆ ಉರುಳಿಸಿದಾಗ ಮುದ್ದೆಯ ಹೊರಮೈ ಆರಿ ಸ್ವಲ್ಪ ಗಟ್ಟಿಯಾಗುತ್ತದೆ. ಈಗ ಕೊಳವೆಯೊಳಗೆ ಒಂದು ಪುಟ್ಟ ಉಸಿರು ಬಿಟ್ಟು, ತಕ್ಷಣ ಹೆಬ್ಬೆರಳಿಂದ ಬಾಯಿ ಮುಚ್ಚು. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಗೆ ಹಿಗ್ಗಿ ತಾನೇ ಗುಳ್ಳೆ ಎಬ್ಬಿಸುತ್ತದೆ. ಕೆನ್ನೆ ಉಬ್ಬಿಸಿ ದಮ್ಮು ಕಟ್ಟಿ ಊದಬೇಕಾಯಿತೆಂದರೆ ಗಾಜು ಆರಿದೆ, ಮತ್ತೆ ಕಾಯಿಸು. ಮೊದಲ ಗುಳ್ಳೆ ನಡುವಿನಲ್ಲಿ ಕೂತು ಸುತ್ತಲೂ ಒಂದೇ ದಪ್ಪ ಇರಬೇಕು. ಅಲ್ಲಿ ಸೊಟ್ಟಗಾದದ್ದನ್ನು ಮೇಲೆ ಎಷ್ಟು ಗಾಜು ಹೊದಿಸಿದರೂ ನೇರ ಮಾಡಲಾಗದು. ಸೊಟ್ಟಗಿದ್ದರೆ ಬಕೆಟ್ಟಿಗೆ ಹಾಕಿ ಹೊಸದಾಗಿ ಶುರುಮಾಡು, ಅದರಲ್ಲಿ ನಾಚಿಕೆಯಿಲ್ಲ.

ಎರಡನೇ ಸಲ ಗಾಜು ಹೊದಿಸಿದ ಮೇಲೆ ಒದ್ದೆ ಮರದ ಬ್ಲಾಕಿನಲ್ಲೋ, ಮಡಚಿ ನೆನೆಸಿದ ನ್ಯೂಸ್‌ಪೇಪರಿನಲ್ಲೋ ಉರುಟು ಮಾಡುತ್ತಾರೆ. ಪೇಪರು ಸರಿಯಾಗಿ ನೆನೆದಿರಬೇಕು, ನೀರು ಸುರಿಯುತ್ತಿರಬಾರದು. ಆಮೇಲೆ ಜಾಕ್ಸ್ ಎಂಬ ಉದ್ದ ಇಕ್ಕುಳದಿಂದ ಕೊಳವೆಯ ಪಕ್ಕ ಕುತ್ತಿಗೆ ಕಡಿಯುವುದು. ಸಾಮಾನು ಕೊಳವೆಯಿಂದ ಬಿಡುವುದು ಇದೇ ಗೆರೆಯಲ್ಲಿ. ಗೆರೆ ಆಳವಾಗಿ ಚೂಪಾಗಿ ಕೂರಲು ಅಲ್ಲಿ ಚೆನ್ನಾಗಿ ಬಿಸಿ ಇರಬೇಕು. ಆರಿದ ಮೇಲೆ ಹಿಸುಕಿದರೆ ಜಾಕ್ಸ್ ಬರೀ ಗೀರು ಎಬ್ಬಿಸುತ್ತದೆ. ಗೆರೆ ಸರಿ ಕೂರದಿದ್ದರೆ ಕೊನೆಗೆ ತಟ್ಟಿದಾಗ ಬಿರುಕು ಸಾಮಾನಿನ ಮೈಗೇ ಓಡುತ್ತದೆ.

ಪಂಟಿ ಹಚ್ಚುವಲ್ಲಿ ಹೆಚ್ಚಿನವರು ಸೋಲುತ್ತಾರೆ. ಲೋಟದ ಬಾಯಿ ತೆರೆಯಬೇಕಾದರೆ ಅದನ್ನು ಕೊಳವೆಯಿಂದ ಬಿಡಿಸಿ ತಳದ ಕಡೆಯಿಂದ ಇನ್ನೊಂದು ಸರಳಿಗೆ ಹಿಡಿಸಬೇಕು. ಆ ಸರಳೇ ಪಂಟಿ. ಅದರ ತುದಿಗೆ ಚಿಕ್ಕ ಮುದ್ದೆ ತೆಗೆದು, ಮಾರ್ವರಿನಲ್ಲಿ ಮೊನೆ ಮಾಡಿ, ಹೊಳಪು ತಗ್ಗುವವರೆಗೆ ಆರಿಸಿ, ತಳದ ನಟ್ಟನಡುವೆ ತಾಗಿಸಬೇಕು. ಬಿಸಿ ಹೆಚ್ಚಿದ್ದರೆ ತಳದೊಂದಿಗೆ ಬೆರೆತುಹೋಗಿ ಕೊನೆಗೆ ಬಿಡಿಸುವಾಗ ತಳದ ಚೂರನ್ನೇ ಕಿತ್ತುಕೊಂಡು ಬರುತ್ತದೆ. ಆರಿದ್ದು ಹೆಚ್ಚಾದರೆ ಗ್ಲೋರಿ ಹೋಲಿನೊಳಗೆ ಲೋಟ ಕಳಚಿ ಬೀಳುತ್ತದೆ. ಹಿಡಿದ ಮೇಲೆ ಕುತ್ತಿಗೆಯ ಗೆರೆಗೆ ಒಂದೆರಡು ಹನಿ ನೀರು ಹಾಕಿ ಕೊಳವೆಯನ್ನು ಮೆಲ್ಲಗೆ ತಟ್ಟಿದರೆ ಟಕ್ಕೆಂದು ಬಿಡುತ್ತದೆ. ನೀರು ಗೆರೆಗೆ ಮಾತ್ರ, ಲೋಟದ ಮೈಗೆ ಹಾರಬಾರದು. ಈ ಹೊತ್ತಿನಲ್ಲಿ ಬಾಯಿಯ ಕಡೆ ಕಣ್ಣಿಟ್ಟು ತಳವನ್ನು ಮರೆಯಬೇಡ. ಆಗಾಗ ಇಡೀ ಸಾಮಾನನ್ನು ಒಲೆಯೊಳಗೆ ಒಂದು ಸುತ್ತು ತೋರಿಸಿ ತರುತ್ತಿರಬೇಕು. ಮರೆತರೆ ಪಂಟಿ ಹಿಡಿದಲ್ಲೇ ಸೀಳುತ್ತದೆ.

ಇಷ್ಟು ಓದುವಾಗಲೇ ನಿನಗೆ ಗೊತ್ತಾಗಿರಬೇಕು, ಇದು ಒಬ್ಬಳ ಕೆಲಸವಲ್ಲ. ಸ್ಟುಡಿಯೋದಲ್ಲಿ ಗಂಟೆ ಲೆಕ್ಕದಲ್ಲಿ ಬೆಂಚು ಬಾಡಿಗೆಗೆ ಹಿಡಿಯುವಾಗ ಒಬ್ಬ ಜೊತೆಗಾರರನ್ನು ಗೊತ್ತುಮಾಡಿಕೋ. ಅವರ ಪಾಳಿಯಲ್ಲಿ ನೀನು ಸಹಾಯಕಿ. ನನ್ನನ್ನು ಕೇಳಿದರೆ ಮೊದಲ ಕೆಲವು ತಿಂಗಳು ನೀನು ಮಾಡಿದ್ದಕ್ಕಿಂತ ಇನ್ನೊಬ್ಬರಿಗೆ ಪಂಟಿ ತಂದುಕೊಟ್ಟದ್ದೇ ಹೆಚ್ಚಿರಬೇಕು. ಬೇರೆಯವರ ಸಾಮಾನಿನ ಬಿಸಿ ನೋಡಿ ಹೊತ್ತಿಗೆ ಸರಿಯಾಗಿ ಪಂಟಿ ಒಯ್ಯಲು ಬಂದರೆ ನಿನ್ನ ಕಣ್ಣು ತಯಾರಾಯಿತೆಂದು ತಿಳಿ. ನಿಮ್ಮ ಊರಿನ ಹತ್ತಿರದ ಟಕೋಮಾದಲ್ಲಿ 2002ರಲ್ಲಿ ತೆರೆದ ಮ್ಯೂಸಿಯಂ ಆಫ್ ಗ್ಲಾಸ್ ಇದೆ, ಕೆಲಸ ನಡೆಯುವಾಗ ಕೂತು ನೋಡಬಹುದು. ಬೆಂಚಿನಲ್ಲಿ ಕೂತ ಮುಖ್ಯಸ್ಥರನ್ನು ಬಿಟ್ಟು ಸಹಾಯಕರ ಕಾಲು ಎತ್ತ ನಡೆಯುತ್ತದೆ, ಯಾವಾಗ ನಡೆಯುತ್ತದೆ ಎಂದು ನೋಡು. ಆ ಸೀಮೆಯಲ್ಲಿ ದೊಡ್ಡ ಹೆಸರಾದ ಗಾಜಿನ ಕಲಾವಿದ ಡೇಲ್ ಚಿಹುಲಿ 1976ರ ಕಾರು ಅಪಘಾತದಲ್ಲಿ ಎಡಗಣ್ಣಿನ ದೃಷ್ಟಿ ಕಳೆದುಕೊಂಡರು, 1979ರಲ್ಲಿ ಭುಜಕ್ಕೂ ಪೆಟ್ಟಾಯಿತು. ಕೊಳವೆ ಬೇರೆಯವರ ಕೈಗೆ ಹೋಯಿತು, ಅವರ ಕೆಲಸ ಮಾತ್ರ ಮುಂದುವರಿಯಿತು.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಮಧೂರಿನಲ್ಲೋ ಕುಂಬಳೆಯಲ್ಲೋ ಕೊಂಡ ಗಾಜಿನ ಬಳೆ ಒಡೆದದ್ದಿದ್ದರೆ ಆ ಚೂರುಗಳನ್ನು ಬಿಸಿ ಗಾಜಿಗೆ ಸೇರಿಸುವ ಮನಸ್ಸಾದೀತು. ಸೇರಿಸಬೇಡ. ಒಂದೊಂದು ಗಾಜು ಬಿಸಿಗೆ ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ, ಆರುವಾಗ ಹಾಗೆಯೇ ಕುಗ್ಗುತ್ತದೆ. ಸ್ಟುಡಿಯೋದವರು ಇದನ್ನು ಸಿಒಇ ಅಂಕೆಯಲ್ಲಿ ಹೇಳುತ್ತಾರೆ. ಊದುವ ಗಾಜಿಗೆ ಅದು ಸಾಮಾನ್ಯವಾಗಿ 96ರ ಆಸುಪಾಸು, ಲ್ಯಾಬಿನ ಬೋರೊಸಿಲಿಕೇಟ್ ಗಾಜಿಗೆ 33. ಬಳೆ, ಬಾಟಲಿ, ಕಿಟಕಿ ಗಾಜುಗಳ ಅಂಕೆ ಎಷ್ಟೆಂದು ಹೊರಗಿನಿಂದ ತಿಳಿಯುವುದಿಲ್ಲ. ಹೊಂದದ ಎರಡು ಗಾಜು ಒಂದಾದರೆ ಆ ದಿನ ಚಂದ ಕಾಣುತ್ತದೆ, ವಾರ ಕಳೆದು ಕಪಾಟಿನಲ್ಲಿ ಇದ್ದಲ್ಲೇ ಬಿರಿಯುತ್ತದೆ. ಎಷ್ಟು ತಣಿಸಿದರೂ ಇದಕ್ಕೆ ಮದ್ದಿಲ್ಲ. ಅನುಮಾನವಿದ್ದರೆ ಎರಡು ಪೋಲರೈಸಿಂಗ್ ಹಾಳೆಗಳನ್ನು ಬೆಳಕು ಪೂರ್ತಿ ಕಪ್ಪಾಗುವ ಹಾಗೆ ಅಡ್ಡಡ್ಡ ಹಿಡಿದು ನಡುವೆ ಸಾಮಾನಿಟ್ಟು ನೋಡು. ಸೇರಿದ ಜಾಗದ ಸುತ್ತ ಬಿಳಿ ಬೆಳಕು ಕಂಡರೆ ಅಲ್ಲಿ ಸೆಳೆತ ಇದೆ.

ಈಗ ತಣಿಸುವ ಲೆಕ್ಕ. ಗಾಜಿನ ಹೊರಮೈ ಬೇಗ ಆರಿ ಗಟ್ಟಿಯಾಗುತ್ತದೆ, ಒಳಗಿನದು ಆಮೇಲೂ ಕುಗ್ಗುತ್ತಿರುತ್ತದೆ. ಆ ಎಳೆದಾಟ ಒಳಗೇ ಉಳಿದುಬಿಡುತ್ತದೆ. ಅದನ್ನು ತಪ್ಪಿಸಲೆಂದೇ ನಿಧಾನಕ್ಕೆ ತಣಿಸುವುದು. ತೆಳ್ಳಗಿನ ಲೋಟವನ್ನು ರಾತ್ರಿ ಆ್ಯನೀಲರಿಗೆ ಹಾಕಿ ಬೆಳಗ್ಗೆ ತೆಗೆದರೆ ಸಾಕು. ಶಿಲ್ಪಕ್ಕೆ ಸಾಲದು. ಬುಲ್ಸ್‌ಐ ಕಂಪನಿ ತನ್ನ ಗಾಜಿಗೆ ಕೊಡುವ ಕೋಷ್ಟಕ ನೋಡು: 25 ಮಿಲಿಮೀಟರ್ ದಪ್ಪದ ಹಲಗೆಗೆ 482 ಡಿಗ್ರಿಯಲ್ಲಿ 4 ಗಂಟೆ ತಡೆದು, ಮೊದಲು ಗಂಟೆಗೆ 15 ಡಿಗ್ರಿಯಂತೆ 427ಕ್ಕೆ, ಮತ್ತೆ 27ರಂತೆ 371ಕ್ಕೆ, ಆಮೇಲೆ 90ರಂತೆ ಇಳಿಸಬೇಕು. ಒಟ್ಟು ಸುಮಾರು 14 ಗಂಟೆ. ಅದೇ 50 ಮಿಲಿಮೀಟರಿಗೆ 8 ಗಂಟೆ ತಡೆದು, ಗಂಟೆಗೆ 3.8, ಮತ್ತೆ 6.8, ಕೊನೆಗೆ 22ರಂತೆ. ಎರಡು ದಿನಕ್ಕೆ ಸ್ವಲ್ಪ ಕಡಿಮೆ. ದಪ್ಪ ಎರಡು ಪಟ್ಟಾದರೆ ಹೊತ್ತು ಮೂರು ಪಟ್ಟು ದಾಟುತ್ತದೆ. ಅದೂ ಒಂದೇ ದಪ್ಪದ, ಎರಡೂ ಮೈಯಿಂದ ಸಮನಾಗಿ ಆರುವ ಹಲಗೆಗೆ. ದಪ್ಪ ತೆಳು ಕೂಡಿದ ಆಕಾರಕ್ಕೆ ಅತಿ ದಪ್ಪದ ಜಾಗವನ್ನೇ ಲೆಕ್ಕಕ್ಕೆ ಹಿಡಿದು ಇನ್ನಷ್ಟು ನಿಧಾನ ಮಾಡಬೇಕು. ನಿಮ್ಮ ಸ್ಟುಡಿಯೋದ ಗಾಜಿಗೆ ಅಂಕೆ ಬೇರೆ ಇದ್ದೀತು, ಕೇಳಿ ಬರೆದಿಟ್ಟುಕೋ.

ಇನ್ನು ನಿನ್ನ ಹಿಂಗಾರ. ಹೆಬ್ಬೆರಳು ದಪ್ಪದ ದಂಟು, ಅದರಿಂದ ಹೊರಟ ಹತ್ತಾರು ಸಪೂರ ಎಸಳು, ಎಸಳಿನ ತುಂಬ ಅಕ್ಕಿಕಾಳಿನಷ್ಟು ಮೊಗ್ಗು. ಕುಲುಮೆಯ ಗಾಜಿನಲ್ಲಿ ಇದನ್ನು ಒಂದೇ ಸಲಕ್ಕೆ ಮಾಡಹೊರಟರೆ ಹತ್ತನೆಯ ಎಸಳು ಹಚ್ಚುವಾಗ ಮೊದಲನೆಯದು ಆರಿ ಉದುರುತ್ತದೆ, ಉದುರಬಾರದೆಂದು ಒಲೆಗೆ ಹಿಡಿದರೆ ಎಲ್ಲವೂ ಬಾಗಿ ಒಂದಕ್ಕೊಂದು ಅಂಟುತ್ತವೆ. ಅದಕ್ಕೆ ಕೆಲಸವನ್ನು ಎರಡು ಮಾಡು. ಹೂವನ್ನು ಸುತ್ತಿರುವ ಹೊರಗಿನ ಹಾಳೆಯನ್ನು ಕುಲುಮೆಯ ಗಾಜಿನಲ್ಲಿ ಊದು: ಉದ್ದನೆಯ ಗುಳ್ಳೆ ಮಾಡಿ, ಬಿಸಿ ಇರುವಾಗಲೇ ಕತ್ತರಿಯಿಂದ ಒಂದು ಬದಿ ಸೀಳಿ ತೆರೆದರಾಯಿತು. ಹೂವಿನ ಭಾಗ ಬೋರೊಸಿಲಿಕೇಟಿನಲ್ಲಿ, ಟಾರ್ಚ್ ಎಂಬ ಗ್ಯಾಸ್ ಬರ್ನರಿನ ಉರಿಯಲ್ಲಿ. ಆ ಗಾಜು ಕಡಿಮೆ ಹಿಗ್ಗುವುದರಿಂದ ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ ಇದ್ದರೂ ತಡೆದುಕೊಳ್ಳುತ್ತದೆ. ದಂಟಿಗೆ 8 ಮಿಲಿಮೀಟರ್ ಕಡ್ಡಿ, ಎಸಳಿಗೆ 3 ಮಿಲಿಮೀಟರಿನದ್ದು ಸಾಕು. ಮೊಗ್ಗುಗಳನ್ನು ಮೊದಲು ಎಸಳಿಗೆ ಹಚ್ಚು, ಎಸಳನ್ನು ಆಮೇಲೆ ದಂಟಿಗೆ. ತುದಿಯಿಂದ ಶುರುಮಾಡಿ ಬುಡಕ್ಕೆ ಬಾ. ಹಚ್ಚುವಲ್ಲಿ ಎರಡೂ ಕಡೆ ಕೆಂಪಗೆ ಕಾದು ಮೆತ್ತಗಾಗಿರಬೇಕು, ಸೇರಿದ ಜಾಗದಲ್ಲಿ ಚೂಪು ಮೂಲೆ ಉಳಿಯದಂತೆ ಮತ್ತೆ ಉರಿ ತೋರಿಸಬೇಕು. ಆ ಚೂಪು ಮೂಲೆಯಿಂದಲೇ ಬಿರುಕು ಹುಟ್ಟುವುದು. ಕೊನೆಗೆ ಸುಮಾರು 565 ಡಿಗ್ರಿಯಲ್ಲಿ ತಣಿಸಲು ಇಡು. ಟಾರ್ಚಿನಲ್ಲಿ ಗಾಜು ಕಾದಾಗ ಏಳುವ ಹಳದಿ ಬೆಳಕಿಗೆ ಕಣ್ಣು ಕತ್ತಲೆ ಕಟ್ಟುತ್ತದೆ. ಡಿಡಿಮಿಯಂ ಕನ್ನಡಕ ಹಾಕಿದರೆ ಅದು ಸೋಸಿಹೋಗಿ ಗಾಜಿನ ಅಂಚು ಸ್ಪಷ್ಟ ಕಾಣುತ್ತದೆ.

ಹಾಳೆಯನ್ನೂ ಹೂವನ್ನೂ ಬಿಸಿಯಲ್ಲಿ ಸೇರಿಸುವಂತಿಲ್ಲ, 33ಕ್ಕೂ 96ಕ್ಕೂ ಹೊಂದಿಕೆಯಿಲ್ಲ. ಹಾಳೆಯ ಬುಡದಲ್ಲಿ ವಜ್ರದ ಡ್ರಿಲ್ ಬಿಟ್ಟಿನಿಂದ ತೂತು ಕೊರೆದು ದಂಟನ್ನು ಕೂರಿಸು. ನೀರು ಹರಿಯುತ್ತಿರಬೇಕು, ಡ್ರಿಲ್ಲಿನ ತುದಿ ಗಾಜಿನ ಆಚೆ ಹೊರಡುವ ಹೊತ್ತಿಗೆ ಕೈಯ ಒತ್ತಡ ಪೂರ್ತಿ ತಗ್ಗಿಸಬೇಕು. ಇಲ್ಲವಾದರೆ ಹಿಂಬದಿಯಿಂದ ದೊಡ್ಡ ಚಕ್ಕೆ ಏಳುತ್ತದೆ.

ಗಟ್ಟಿ ಶಿಲ್ಪ ಬೇಕೆನಿಸಿದರೆ ಕಿಲ್ನ್ ಎಂಬ ಮುಚ್ಚಿದ ಒಲೆಯಲ್ಲಿ ಎರಕ ಹೊಯ್ಯುವ ದಾರಿಯಿದೆ. ಪಯ್ಯನ್ನೂರು ಬದಿಯ ಕುಂಞಿಮಂಗಲದ ಮೂಶಾರಿಗಳು ಕಂಚಿಗೆ ಮಾಡುವ ಮೇಣದ ಎರಕದ ಕ್ರಮವೇ: ಮೇಣದ ಮಾದರಿಯ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಎರೆಯುವುದು. ಅಚ್ಚು ಮಾತ್ರ ಮಣ್ಣಿನ ಬದಲು ಪ್ಲಾಸ್ಟರ್ ಮತ್ತು ಸಿಲಿಕಾ ಪುಡಿಯದ್ದು, ತೂಕದಲ್ಲಿ ಸಮಪಾಲು. ಗಾಜು ಎಷ್ಟು ಬೇಕೆಂದು ತಿಳಿಯಲು ಮಾದರಿಯನ್ನು ನೀರಲ್ಲಿ ಮುಳುಗಿಸು: ಮೇಲೇರಿದ ನೀರು 400 ಮಿಲಿಲೀಟರ್ ಆದರೆ ಗಾಜು ಅದರ ಎರಡೂವರೆ ಪಟ್ಟು, ಅಂದರೆ 1 ಕಿಲೋ. ಒದ್ದೆ ಅಚ್ಚನ್ನು ಅವಸರದಲ್ಲಿ ಕಾಯಿಸಿದರೆ ಆವಿ ಅದನ್ನು ಸೀಳಿ ಗಾಜು ಕಿಲ್ನಿನ ನೆಲಕ್ಕೆ ಸೋರುತ್ತದೆ. ಪುಡಿ ಕಲಸುವಾಗಲೂ, ಪುಡಿ ಬಣ್ಣ ಮುಟ್ಟುವಾಗಲೂ ಮಾಸ್ಕ್ ಹಾಕಲೇಬೇಕು, ಸಿಲಿಕಾ ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ. ಮೇಜನ್ನು ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು.

ಊರಿಗೆ ಬಂದಾಗ ಮನೆಯಲ್ಲೇ ಒಂದು ಕಿಲ್ನ್ ಇಡುವ ಯೋಚನೆ ಇದೆಯೆಂದೂ ನಿನ್ನ ಅಪ್ಪ ಹೇಳಿದ. ದೊಡ್ಡದು ತರಬೇಡ. ಆಟಿ ತಿಂಗಳ ಮಳೆಗೆ ಇಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋದೀತೆಂದು ನಿನಗೆ ಗೊತ್ತೇ ಇದೆ, ಎರಡು ದಿನ ತಣಿಸುವ ಸಾಮಾನು ಅದನ್ನು ನಂಬಿ ಕೂರುವಂತಿಲ್ಲ. ಟಾರ್ಚ್ ಕೆಲಸಕ್ಕೆ ಬೇಕಾಗುವ ಸಣ್ಣ ಕಿಲ್ನ್ ಸಾಕು, ಇನ್ವರ್ಟರಿಗೆ ಅದು ಎಳೆಯುವ ವಿದ್ಯುತ್ ಎಷ್ಟೆಂದು ಕೊಳ್ಳುವ ಮೊದಲೇ ನೋಡು. ನಡುವೆ ಕರೆಂಟು ಹೋದರೆ ಮುಚ್ಚಳ ತೆಗೆದು ಇಣುಕಬೇಡ, ಮುಚ್ಚಿದಂತೆಯೇ ಬಿಡು. ಹಳೆ ಹಟ್ಟಿಯ ಪಕ್ಕದ ಕೋಣೆಗೆ ಸಿಮೆಂಟಿನ ನೆಲವಿದೆ, ಎರಡು ಬದಿಗೆ ಕಿಟಕಿಯೂ ಇದೆ. ಒಳಗಿರುವ ಅಡಿಕೆ ಗೋಣಿಗಳನ್ನು ಬೇರೆ ಕಡೆಗೆ ಸಾಗಿಸಲು ಹೇಳುತ್ತೇನೆ. ಗ್ಯಾಸಿನ ಸಿಲಿಂಡರನ್ನು ಗೋಡೆಯ ಹೊರಗಿಟ್ಟು ಪೈಪ್ ಒಳಗೆ ತರುವುದಾದರೆ ಮಾತ್ರ ನನ್ನ ಒಪ್ಪಿಗೆ.

ಇಂತು,
ದೊಡ್ಡಪ್ಪ