ಅರವತ್ತು ಅಂದ್ರಿ, ಸರಿ. ಈಗ ಅದನ್ನ ಕಾನೂನಲ್ಲಿ ಬರೆಸಿ: ಘಾನಾ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷ ಜಾನ್ ಡ್ರಮಾನಿ ಮಹಾಮಾ ಅವರಿಗೆ ನಮಸ್ಕಾರಗಳು.

ಕನ್ನಡದಲ್ಲಿ ಬರೆದ ಈ ಪತ್ರ ಅಕ್ರಾದಲ್ಲಿರುವ ನಿಮ್ಮ ಕಚೇರಿ ಜುಬಿಲಿ ಹೌಸ್‌ನ ಗೇಟಿನ ತನಕವೂ ಬರುವುದಿಲ್ಲ ಅಂತ ಗೊತ್ತು. ಬಂದರೂ ಅಲ್ಲಿ ಓದುವವರು ಯಾರು? ಆದರೆ ನನಗೆ ಸಿಟ್ಟು ಬರುವುದೂ ಕನ್ನಡದಲ್ಲೇ, ಮೆಚ್ಚುಗೆ ಬರುವುದೂ ಕನ್ನಡದಲ್ಲೇ. ಊರು ದಾವಣಗೆರೆ. 2014ರಿಂದ ನಿಮ್ಮ ಬಂದರು ಊರು ತೆಮಾದಲ್ಲಿ ಒಂದು ಸಗಟು ವ್ಯಾಪಾರದ ಲೆಕ್ಕ ಬರೆಯುತ್ತಿದ್ದೇನೆ. ಇಲ್ಲಿ ನನಗೆ ವೋಟಿಲ್ಲ, ತೆರಿಗೆ ಮಾತ್ರ ಇದೆ. ಲೆಕ್ಕದವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ ನೋಡಿ, ಕಂಡದ್ದನ್ನೆಲ್ಲ ಎಣಿಸುವುದು. ನಾನು ನಿಮ್ಮ ದೇಶದ ಮಂತ್ರಿಗಳನ್ನು ಎಣಿಸುತ್ತಾ ಬಂದಿದ್ದೇನೆ. ಮಂತ್ರಿಗಳು ಅರವತ್ತು ದಾಟುವುದಿಲ್ಲ ಅಂತ ನೀವು ಕೊಟ್ಟ ಮಾತನ್ನು ಕಾನೂನಲ್ಲಿ ಬರೆಸಿ ಅಂತ ಕೇಳೋಕೇ ಈ ಪತ್ರ.

ಎಣಿಸುವ ಚಾಳಿ ಜೋರಾಗಿದ್ದು 2017ರಲ್ಲಿ. ನಿಮ್ಮನ್ನು ಸೋಲಿಸಿ ಬಂದ ನಾನಾ ಅಕುಫೊ-ಅಡ್ಡೊ ಅವರು ಮಂತ್ರಿಗಳು, ಉಪಮಂತ್ರಿಗಳು ಎಲ್ಲ ಸೇರಿ 110 ಜನರನ್ನು ನೇಮಿಸಿದರು. ನೂರಾ ಹತ್ತು! ಆಗ ಪಾರ್ಲಿಮೆಂಟಿನಲ್ಲಿ ಇದ್ದದ್ದೇ 275 ಸೀಟು. ರೈಲಿಗೆ ಒಂದು ಖಾತೆ, ಸಣ್ಣ ಉದ್ದಿಮೆಗೆ ಒಂದು ಖಾತೆ, ಜೊಂಗೊ ಅಂತ ಕರೆಯುವ ವಲಸಿಗರ ಕೇರಿಗಳಿಗೆ ಒಂದು ಖಾತೆ, ವಿಶೇಷ ಅಭಿವೃದ್ಧಿಗೆ ಇನ್ನೊಂದು. ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಉಸ್ತುವಾರಿ ಮತ್ತು ಮೌಲ್ಯಮಾಪನದ ಖಾತೆ. ಅಂದರೆ ಉಳಿದ ಖಾತೆಗಳು ಕೆಲಸ ಮಾಡುತ್ತಿವೆಯೋ ಇಲ್ಲವೋ ಅಂತ ನೋಡೋಕೆ ಅಂತಲೇ ಒಬ್ಬ ಮಂತ್ರಿ. ನಾನು ಆ ಸುದ್ದಿಯನ್ನು ಊರಿನಲ್ಲಿರುವ ಅಣ್ಣನಿಗೆ ಹೇಳಿದಾಗ ಅವನು ನಂಬಲಿಲ್ಲ.

ಇದೆಲ್ಲ ಕಾನೂನಿನೊಳಗೇ ಇತ್ತು, ಅದೇ ಬೇಜಾರು. ನಿಮ್ಮ 1992ರ ಸಂವಿಧಾನದ 76ನೇ ವಿಧಿ ಕ್ಯಾಬಿನೆಟ್‌ನಲ್ಲಿ ಹತ್ತಕ್ಕಿಂತ ಕಡಿಮೆ ಇರಬಾರದು, ಹತ್ತೊಂಬತ್ತಕ್ಕಿಂತ ಜಾಸ್ತಿ ಮಂತ್ರಿಗಳು ಇರಬಾರದು ಅನ್ನುತ್ತದೆ. ಓದಿದಾಗ ಆಹಾ ಅನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಆ ಮಿತಿ ಕ್ಯಾಬಿನೆಟ್ ಸಭೆಯಲ್ಲಿ ಕೂರುವವರಿಗೆ ಮಾತ್ರ. ಕ್ಯಾಬಿನೆಟ್ಟಿನ ಹೊರಗೆ ಎಷ್ಟು ಮಂತ್ರಿಗಳು, ಎಷ್ಟು ಉಪಮಂತ್ರಿಗಳು ಅನ್ನುವುದಕ್ಕೆ ಲೆಕ್ಕವೇ ಇಲ್ಲ. ನಮ್ಮ ಕಡೆ ಗೂಟದ ಕಾರು ಅಂತಾರಲ್ಲ, ಇಲ್ಲಿ ಜನ ಅದಕ್ಕೆ ವಿ-8 ಅಂತಾರೆ, ದೊಡ್ಡ ಲ್ಯಾಂಡ್ ಕ್ರೂಸರ್. ಟ್ರೋಟ್ರೋದಲ್ಲಿ, ಅಂದರೆ ಇಲ್ಲಿನ ಬಾಡಿಗೆ ಮಿನಿ ವ್ಯಾನಿನಲ್ಲಿ, ಮೊಣಕಾಲು ಮಡಚಿಕೊಂಡು ಕೂತವರು ಕಿಟಕಿಯಿಂದ ಆ ವಿ-8 ನೋಡಿ ಆಡುವ ಮಾತುಗಳನ್ನು ನೀವು ಒಮ್ಮೆ ಕೇಳಬೇಕು. ಪತ್ರದಲ್ಲಿ ಬರೆಯೋ ಹಾಗಿಲ್ಲ.

ನೀವು 2024ರ ಚುನಾವಣೆಗೆ ಮೊದಲು ಮಂತ್ರಿಗಳು ಅರವತ್ತು ದಾಟುವುದಿಲ್ಲ ಅಂದಿರಿ. ನಾನು ನಕ್ಕಿದ್ದೆ, ಒಪ್ಪಿಕೊಳ್ಳುತ್ತೇನೆ. ನಿಮ್ಮ ಮೊದಲ ಸರ್ಕಾರವೂ ಚಿಕ್ಕದೇನಾಗಿರಲಿಲ್ಲ ಅಲ್ವಾ. ಆದರೆ 2025ರ ಜನವರಿ 7ರಂದು ಪ್ರಮಾಣ ವಚನ ತೆಗೆದುಕೊಂಡ ಎರಡೇ ದಿನಕ್ಕೆ 30 ಇದ್ದ ಸಚಿವಾಲಯಗಳನ್ನು 23ಕ್ಕೆ ಇಳಿಸಿದಿರಿ. ರೈಲಿನ ಖಾತೆ ಹೋಯಿತು, ಮಾಹಿತಿ ಖಾತೆ ಹೋಯಿತು, ರಾಷ್ಟ್ರೀಯ ಭದ್ರತೆಯ ಖಾತೆಯೂ ಹೋಯಿತು. ಹದಿನಾರು ಪ್ರಾಂತ್ಯಗಳ ಮಂತ್ರಿಗಳು, ಉಪಮಂತ್ರಿಗಳು ಎಲ್ಲ ಸೇರಿಸಿದರೂ ನಿಮ್ಮ ಪಟ್ಟಿ ಅರವತ್ತರೊಳಗೇ ನಿಂತಿತು. ಮಾತು ಉಳಿಸಿಕೊಂಡಿರಿ. ಇದನ್ನು ಹೇಳದೇ ಮುಂದಿನದನ್ನು ಹೇಳಿದರೆ ತಪ್ಪಾಗುತ್ತದೆ.

ಮುಂದಿನದು ಏನೆಂದರೆ, ಮಾತು ನಿಮ್ಮದು. ನೀವು 2029ರ ಜನವರಿಯಲ್ಲಿ ಮನೆಗೆ ಹೋದಾಗ ಅದೂ ನಿಮ್ಮ ಜೊತೆ ಹೋಗುತ್ತದೆ. ಮುಂದೆ ಬರುವವರು ನೂರಾ ಇಪ್ಪತ್ತು ಮಾಡಿಕೊಂಡರೆ ಯಾರು ಕೇಳುವುದು?

ಖಾತೆ ಹೆಚ್ಚಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಅನ್ನುವುದು ನಿಮಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ ಹೇಳಿ. 2014ರ ಕೊನೆಯಲ್ಲಿ ನಾನು ಇಲ್ಲಿಗೆ ಬಂದ ಹೊಸತು. ಡುಮ್‌ಸೋರ್ ಕಾಲ. ನಮ್ಮ ಓದುಗರಿಗೆ ಹೇಳಬೇಕು, ಡುಮ್ ಅಂದರೆ ಆರಿಸು, ಸೋ ಅಂದರೆ ಹಚ್ಚು. ಕರೆಂಟ್ ಹೋಗುವುದು ಬರುವುದಕ್ಕೆ ಚ್ವಿ ಭಾಷೆಯವರು ಇಟ್ಟ ಹೆಸರು. ದಾವಣಗೆರೆಯಲ್ಲಿ ಲೋಡ್ ಶೆಡ್ಡಿಂಗ್ ನೋಡಿ ಬೆಳೆದವನು ನಾನು, ನನಗೆ ಇದೆಲ್ಲ ಯಾವ ಲೆಕ್ಕ ಅಂದುಕೊಂಡಿದ್ದೆ. 2015ರಲ್ಲಿ ಹನ್ನೆರಡು ಗಂಟೆ ಕರೆಂಟ್, ಇಪ್ಪತ್ನಾಲ್ಕು ಗಂಟೆ ಕತ್ತಲೆ ಅನ್ನುವ ವೇಳಾಪಟ್ಟಿ ಬಂದಾಗ ಸೊಲ್ಲು ಅಡಗಿತು. ಅಂಗಡಿಯ ಜನರೇಟರ್ ಡೀಸೆಲ್ ಖರ್ಚು ಬಾಡಿಗೆಯನ್ನೂ ಮೀರಿದ ತಿಂಗಳುಗಳನ್ನು ನಾನೇ ಪುಸ್ತಕದಲ್ಲಿ ಬರೆದಿದ್ದೇನೆ. ಇದಕ್ಕೆ ನೀವು 2014ರ ಕೊನೆಯಲ್ಲೇ ಏನು ಮಾಡಿದ್ದಿರಿ? ಇಂಧನ ಖಾತೆಯನ್ನು ಒಡೆದು ವಿದ್ಯುತ್ತಿಗೆ ಅಂತಲೇ ಬೇರೆ ಸಚಿವಾಲಯ ಮಾಡಿ ಕ್ವಾಬೆನಾ ಡೊಂಕೋರ್ ಅವರನ್ನು ಕೂರಿಸಿದಿರಿ. ಅವರು 2015 ಮುಗಿಯುವುದರೊಳಗೆ ಡುಮ್‌ಸೋರ್ ಮುಗಿಸದಿದ್ದರೆ ರಾಜೀನಾಮೆ ಕೊಡುತ್ತೇನೆ ಅಂದರು. ಮುಗಿಯಲಿಲ್ಲ. ಡಿಸೆಂಬರ್ 31ಕ್ಕೆ ರಾಜೀನಾಮೆ ಕೊಟ್ಟರು. ಹೇಳಿದ ಹಾಗೇ, ಹೇಳಿದ ದಿನಕ್ಕೇ! ನಾನು ಭಾರತದಲ್ಲೂ ಇಲ್ಲಿಯೂ ಬಹಳ ಮಂತ್ರಿಗಳನ್ನು ನೋಡಿದ್ದೇನೆ, ಆ ಒಂದು ಕಾರಣಕ್ಕೆ ಡೊಂಕೋರ್ ಅವರ ಹೆಸರು ಮರೆತಿಲ್ಲ. ಆದರೆ ಬೇರೆ ಖಾತೆ, ಬೇರೆ ಬೋರ್ಡು, ಬೇರೆ ಕಾರು ಎಲ್ಲ ಬಂದರೂ ಗ್ಯಾಸ್ ಇಲ್ಲದೆ, ಬಾಕಿ ಸಾಲ ತೀರದೆ ಟರ್ಬೈನ್ ತಿರುಗಲಿಲ್ಲ.

ಇನ್ನೊಂದು ಕಡೆ ಇಳಿಸಬೇಕಾದವರನ್ನು ಇಳಿಸದೇ ಕೂತ ಕಥೆ. ಹಣಕಾಸು ಮಂತ್ರಿ ಕೆನ್ ಒಫೊರಿ-ಅಟ್ಟಾ ಅವರದ್ದು. ಅಕುಫೊ-ಅಡ್ಡೊ ಅವರಿಗೆ ಸೋದರ ಸಂಬಂಧಿ. 2022ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು ಆರು ಸೇಡಿ (ಇಲ್ಲಿನ ದುಡ್ಡು) ಇತ್ತು, ಆ ವರ್ಷ ಮುಗಿಯುವ ಮೊದಲೇ ಹದಿನಾಲ್ಕು ದಾಟಿಬಿಟ್ಟಿತು. ನಾವು ಮಾಲು ಆರ್ಡರ್ ಮಾಡಿದಾಗ ಹಾಕಿದ ಲೆಕ್ಕ ಕಂಟೇನರ್ ತೆಮಾ ಬಂದರಿಗೆ ಬರುವಷ್ಟರಲ್ಲಿ ಹರಿದು ಹಾಕುವ ಹಾಗೆ ಆಗುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಅವರದೇ ಪಕ್ಷದ ಸುಮಾರು ಎಂಬತ್ತು ಎಂಪಿಗಳು ಈ ಮಂತ್ರಿಯನ್ನು ತೆಗೀರಿ ಅಂತ ಬಹಿರಂಗವಾಗಿ ಕೂತರು. ಅಧ್ಯಕ್ಷರು ಐಎಂಎಫ್ ಮಾತುಕತೆ ಮುಗಿಯಲಿ ತಡೀರಿ ಅಂದರು. ಡಿಸೆಂಬರ್ 8ಕ್ಕೆ ನಿಮ್ಮ ಪಕ್ಷದವರು ಖಂಡನಾ ನಿರ್ಣಯ ತಂದರು, 136 ವೋಟು ಬಿತ್ತು, ಬೇಕಾಗಿದ್ದದ್ದು 183. ತೆಗೀರಿ ಅಂತ ಕೂಗಿದ್ದ ಆಡಳಿತ ಪಕ್ಷದವರು ವೋಟಿನ ಹೊತ್ತಿಗೆ ಎದ್ದು ಹೊರಗೆ ಹೋದರು! ಅದೇ ತಿಂಗಳು ದೇಶ ಸಾಲದ ಕಂತು ನಿಲ್ಲಿಸಿತು, ಹಣದುಬ್ಬರ 54 ಪರ್ಸೆಂಟ್ ಮುಟ್ಟಿತು. ಮುಂದಿನ ಫೆಬ್ರವರಿಯಲ್ಲಿ ಸರ್ಕಾರಿ ಬಾಂಡಿನಲ್ಲಿ ದುಡ್ಡಿಟ್ಟಿದ್ದ ನಿವೃತ್ತರು ಹಣಕಾಸು ಸಚಿವಾಲಯದ ಮುಂದೆ ಕುರ್ಚಿ ಹಾಕಿಕೊಂಡು ಧರಣಿ ಕೂತಿದ್ದರು, ಮಾಜಿ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಕೂಡ ಬಂದು ಅವರ ಜೊತೆ ನಿಂತರು. ಆ ಮಂತ್ರಿಯನ್ನು ಬದಲಾಯಿಸಿದ್ದು ಯಾವಾಗ? 2024ರ ಫೆಬ್ರವರಿ 14, ಚುನಾವಣೆಗೆ ಹತ್ತು ತಿಂಗಳು ಇದ್ದಾಗ. ಏಳು ವರ್ಷ ಕಾದು ಪ್ರೇಮಿಗಳ ದಿನದಂದು ಸಂಪುಟ ಪುನಾರಚನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋದು ಇದಕ್ಕೇ.

ನನ್ನ ದೇಶದ್ದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೀ ಪರರ ಮನೆ ದೋಸೆ ತೂತು ಎಣಿಸಿದ ಹಾಗಾಗುತ್ತದೆ. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರ ಉಳಿಸಿಕೊಳ್ಳೋಕೆ 93 ಮಂತ್ರಿಗಳನ್ನು ಮಾಡಿದ್ದರು. ಇಂಥದ್ದು ಜಾಸ್ತಿಯಾಗಿ ಕೊನೆಗೆ 2003ರಲ್ಲಿ ಸಂವಿಧಾನಕ್ಕೆ 91ನೇ ತಿದ್ದುಪಡಿ ಬಂತು: ಶಾಸಕರ ಸಂಖ್ಯೆಯ ನೂರಕ್ಕೆ ಹದಿನೈದಕ್ಕಿಂತ ಜಾಸ್ತಿ ಮಂತ್ರಿಗಳು ಇರಬಾರದು. ಕರ್ನಾಟಕದ ವಿಧಾನಸಭೆಯಲ್ಲಿ 224 ಸೀಟು, ಮುಖ್ಯಮಂತ್ರಿ ಸೇರಿ 34. ಅಷ್ಟೇ. ಯಾವ ಪಕ್ಷ ಬಂದರೂ, ಎಷ್ಟೇ ಖಾತೆ ಕ್ಯಾತೆ ನಡೆದರೂ 35 ಆಗಿಲ್ಲ. ಅದೇ ಲೆಕ್ಕ ನಿಮ್ಮ ಪಾರ್ಲಿಮೆಂಟಿನ ಈಗಿನ 276 ಸೀಟಿಗೆ ಹಾಕಿದರೆ 41 ಬರುತ್ತದೆ. ನಾನು ಅಷ್ಟು ಬಿಗಿ ಕೇಳುತ್ತಿಲ್ಲ, ನಿಮ್ಮದೇ ಅರವತ್ತು ಇರಲಿ.

ಆದರೆ ನಮ್ಮಲ್ಲಾದ ಎಡವಟ್ಟನ್ನೂ ನೋಡಿ ಕಲಿಯಿರಿ. ಮಂತ್ರಿ ಸ್ಥಾನ ಸಿಗದವರಿಗೆ ನಮ್ಮಲ್ಲಿ ನಿಗಮ-ಮಂಡಳಿ ಅಂತ ಇದೆ. ಅಧ್ಯಕ್ಷಗಿರಿ ಕೊಟ್ಟು, ಸಂಪುಟ ದರ್ಜೆ ಕೊಟ್ಟು, ಕಾರು ಕೊಟ್ಟು ಸಮಾಧಾನ ಮಾಡುತ್ತಾರೆ. ಬಾಗಿಲು ಮುಚ್ಚಿದರೆ ಹಿತ್ತಿಲಿಂದ ಬರುವುದು ಅಂದರೆ ಇದು. ನಿಮ್ಮ ಹಿತ್ತಿಲ ಹೆಸರು ಅಧ್ಯಕ್ಷರ ಕಚೇರಿ. 1993ರ ಕಾಯ್ದೆ 463ರ ಪ್ರಕಾರ ಅಲ್ಲಿ ಯಾರ್ಯಾರು ಕೆಲಸ ಮಾಡುತ್ತಾರೆ ಅಂತ ಪ್ರತಿ ವರ್ಷ ಪಾರ್ಲಿಮೆಂಟಿಗೆ ಪಟ್ಟಿ ಕೊಡಬೇಕು. ಒಮ್ಮೆ ಅಕುಫೊ-ಅಡ್ಡೊ ಅವರ ಕಾಲದಲ್ಲಿ ಆ ಪಟ್ಟಿಯಲ್ಲಿ 998 ಜನ ಇದ್ದರು. ಅದರಲ್ಲಿ ಚಾಲಕರು, ಅಡುಗೆಯವರೂ ಇರುತ್ತಾರೆ ಬಿಡಿ, ಅವರ ಮೇಲೆ ನನ್ನ ತಕರಾರಿಲ್ಲ. ಸಲಹೆಗಾರ, ವಿಶೇಷ ಸಹಾಯಕ ಅನ್ನುವ ಹೆಸರಲ್ಲಿ ಕೂರುವವರನ್ನು ಅರವತ್ತರ ಲೆಕ್ಕದಲ್ಲಿ ಸೇರಿಸುತ್ತೀರಾ ಇಲ್ಲವಾ? ಸೇರಿಸದಿದ್ದರೆ ಈ ಅರವತ್ತು ಸುಮ್ನೆ ತೋರಿಕೆಗೆ.

78ನೇ ವಿಧಿಯ ಬಗ್ಗೆಯೂ ಒಂದು ಮಾತು. ಮಂತ್ರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಾರ್ಲಿಮೆಂಟಿನಿಂದಲೇ ಬರಬೇಕು ಅಂತ ಅದರಲ್ಲಿದೆ. ಹಾಗಾಗಿ ಆಡಳಿತ ಪಕ್ಷದ ಎಂಪಿಗೆ ಸರ್ಕಾರವನ್ನು ಪ್ರಶ್ನೆ ಕೇಳುವುದಕ್ಕಿಂತ ನಾಳೆ ತನಗೂ ಒಂದು ಖಾತೆ ಸಿಗಬಹುದು ಅನ್ನುವ ಆಸೆಯೇ ದೊಡ್ಡದಾಗಿರುತ್ತದೆ. 2025ರ ಜನವರಿ 30ರ ರಾತ್ರಿ ನಿಮ್ಮ ಮಂತ್ರಿಗಳನ್ನು ಪ್ರಶ್ನಿಸುವ ಸಮಿತಿಯಲ್ಲಿ ಮೇಜು, ಮೈಕು ಎಲ್ಲ ಪುಡಿಯಾಗಿ, ಎರಡೂ ಕಡೆಯ ಎಂಪಿಗಳು ಸೇರಿ ನಾಲ್ವರು ಸಸ್ಪೆಂಡ್ ಆದರಲ್ಲ, ಅದನ್ನು ಟಿವಿಯಲ್ಲಿ ನೋಡಿದ ನನ್ನ ಮಗಳು ಇವರಲ್ಲಿ ಯಾರು ಮಂತ್ರಿ ಆಗ್ತಾರೆ ಅಪ್ಪಾ ಅಂತ ಕೇಳಿದಳು. ಏನು ಹೇಳಲಿ?

ಒಂದು ದುಃಖದ ವಿಷಯವನ್ನು ಎತ್ತುವುದಕ್ಕೆ ಕ್ಷಮಿಸಿ. 2025ರ ಆಗಸ್ಟ್ 6ರಂದು ಒಬುವಾಸಿಗೆ ಹೊರಟ ಹೆಲಿಕಾಪ್ಟರ್ ಬಿದ್ದು ರಕ್ಷಣಾ ಮಂತ್ರಿ ಎಡ್ವರ್ಡ್ ಒಮಾನೆ ಬೊಯಾಮಾ, ಪರಿಸರ ಮಂತ್ರಿ ಇಬ್ರಾಹಿಂ ಮುರ್ತಲಾ ಮುಹಮ್ಮದ್ ಸೇರಿ ಎಂಟು ಜನ ತೀರಿಕೊಂಡರು. ನಮ್ಮ ಅಂಗಡಿಯ ಹುಡುಗರು ಅವತ್ತು ಊಟ ಮಾಡಲಿಲ್ಲ. ನೀವು ರಕ್ಷಣೆಯ ಹೊಣೆಯನ್ನು ತಾತ್ಕಾಲಿಕವಾಗಿ ಹಣಕಾಸು ಮಂತ್ರಿ ಕ್ಯಾಸಿಯೆಲ್ ಅಟೊ ಫೋರ್ಸನ್ ಅವರಿಗೆ ಕೊಟ್ಟಿರಿ. ಅಂಥ ಹೊತ್ತಿನಲ್ಲೂ ಹೊಸ ಹೆಸರಿಗಾಗಿ ಅವಸರ ಮಾಡಲಿಲ್ಲ. ಅದು ನನಗೆ ಹಿಡಿಸಿತು.

ಈಗ ಕೆಲಸದ ಮಾತು. ಸಂವಿಧಾನ ಪರಿಶೀಲನೆಗೆ ಅಂತ ಅಧಿಕಾರಕ್ಕೆ ಬಂದ ತಿಂಗಳೇ ಪ್ರೊಫೆಸರ್ ಕ್ವಾಸಿ ಪ್ರೆಂಪೆ ಅವರ ಸಮಿತಿ ಮಾಡಿದಿರಿ. ಸಮಿತಿ ಬರೆಯುವುದು ಒಂದು, ಪಾರ್ಲಿಮೆಂಟ್ ಪಾಸು ಮಾಡುವುದು ಇನ್ನೊಂದು. 76, 78ನೇ ವಿಧಿಗಳನ್ನು ತಿದ್ದೋಕೆ ಜನಮತ ಬೇಕಿಲ್ಲ. ಗೆಜೆಟ್‌ನಲ್ಲಿ ಎರಡು ಸಲ ಹಾಕಿ, ನಿಮಗೆ ಸಲಹೆ ಕೊಡುವ ಕೌನ್ಸಿಲ್ ಆಫ್ ಸ್ಟೇಟ್ ಅಭಿಪ್ರಾಯ ಕೇಳಿ, ಪಾರ್ಲಿಮೆಂಟಿನಲ್ಲಿ ಮೂರನೇ ಎರಡು ಭಾಗ ವೋಟು ಹಾಕಿಸಿದರೆ ಆಯಿತು. ಆ ಮೂರನೇ ಎರಡು ಭಾಗ ಜನ ನಿಮಗೇ ಕೊಟ್ಟಿದ್ದಾರೆ. ಯಾರನ್ನೂ ಬೇಡಬೇಕಾಗಿಲ್ಲ. ಇಂಥ ಬಹುಮತ ಮತ್ತೆ ಯಾರಿಗೆ ಯಾವಾಗ ಸಿಗುತ್ತದೋ.

ಮಂತ್ರಿ, ಉಪಮಂತ್ರಿ, ಪ್ರಾಂತ್ಯದ ಮಂತ್ರಿ, ಮಂತ್ರಿ ದರ್ಜೆಯ ಸಲಹೆಗಾರ, ಎಲ್ಲ ಸೇರಿ ಅರವತ್ತು ಅಂತ ಒಂದೇ ಸಾಲು ಸಾಕು. ಆ ಸಾಲು ಬರುವ ತನಕ ಪ್ರತಿ ವರ್ಷ ನಿಮ್ಮ ಕಚೇರಿಯ ಪಟ್ಟಿ ಪಾರ್ಲಿಮೆಂಟಿಗೆ ಬಂದಾಗ ನಾನು ತೆಮಾದಲ್ಲಿ ಕೂತು ಎಣಿಸುತ್ತಿರುತ್ತೇನೆ. ಹೋದ ಸಲ ಎಷ್ಟಿತ್ತು ಅಂತ ಬರೆದಿಟ್ಟುಕೊಂಡಿದ್ದೇನೆ.

ಇಂತಿ,
ತೆಮಾದಲ್ಲಿರುವ ಒಬ್ಬ ಲೆಕ್ಕದವನು